ಸಮೀಕ್ಷೆಯನ್ನು ಪ್ರಯೋಗವೆಂದು ಕರೆಯಬಹುದೇ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಮೊದಲ ವರ್ಷದಲ್ಲಿ ಮನಃಶಾಸ್ತ್ರವನ್ನು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದೇನೆ. ಕಿರು ಯೋಜನೆಗೆಂದು ನಮ್ಮ ಹಾಸ್ಟೆಲಿನ 40 ಮಂದಿಯನ್ನು, ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತೀರಿ, ಕಳೆದ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಿತ್ತು ಎಂದು ಕೇಳಿ ಬರೆದುಕೊಂಡೆ. ಹೆಚ್ಚು ಹೊತ್ತು ನೋಡುವವರ ಅಂಕಗಳು ಸಾಮಾನ್ಯವಾಗಿ ಕಡಿಮೆ ಇದ್ದುದರಿಂದ, "ಮೊಬೈಲ್ ಬಳಕೆಯಿಂದ ಅಂಕಗಳು ಕುಸಿಯುತ್ತವೆ ಎಂಬುದು ಈ ಪ್ರಯೋಗದಿಂದ ಸಾಬೀತಾಗಿದೆ" ಎಂದು ಕೊನೆಯಲ್ಲಿ ಬರೆದೆ. ಅಧ್ಯಾಪಕರು 'ಪ್ರಯೋಗ', 'ಸಾಬೀತು' ಎಂಬ ಎರಡೂ ಪದಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ "ಇದು ಸಹಸಂಬಂಧ ಅಧ್ಯಯನ" ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ. ಸ್ವತಂತ್ರ ಚಲಕವೂ ಅವಲಂಬಿತ ಚಲಕವೂ ನನ್ನ ಕೆಲಸದಲ್ಲಿ ಇವೆಯಲ್ಲವೇ? ಹಾಸ್ಟೆಲಿನ ಪಟ್ಟಿಯಿಂದ ಚೀಟಿ ಎತ್ತಿ 40 ಮಂದಿಯನ್ನು ಆರಿಸಿದ್ದರೆ ಅದು ಪ್ರಯೋಗವಾಗುತ್ತಿತ್ತು ಎಂದು ಗೆಳತಿಯೊಬ್ಬಳು ಹೇಳುತ್ತಾಳೆ. ಅದು ನಿಜವೇ?

ಉತ್ತರ: ನಿವೃತ್ತ ಅಧ್ಯಾಪಕ

ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡದಲ್ಲಿ ಪದಪ್ರಯೋಗವೂ ಪ್ರಯೋಗವೇ, ರಂಗದ ಮೇಲೆ ಆಡಿದ ನಾಟಕವೂ ಪ್ರಯೋಗವೇ, ರೈತ ಹೊಸ ತಳಿಯನ್ನು ಬಿತ್ತಿ ನೋಡಿದರೆ ಅದೂ ಪ್ರಯೋಗವೇ. ಮನಃಶಾಸ್ತ್ರದಲ್ಲಿ ಮಾತ್ರ ಈ ಪದದ ಅರ್ಥ ಬಹಳ ಕಿರಿದು: ಸಂಶೋಧಕನು ಒಂದು ಅಂಶವನ್ನು ತಾನೇ ಬದಲಿಸಿ, ಉಳಿದವುಗಳನ್ನು ಸಾಧ್ಯವಾದಷ್ಟು ಒಂದೇ ರೀತಿಯಲ್ಲಿರಿಸಿ, ಆ ಬದಲಾವಣೆಯ ಪರಿಣಾಮವನ್ನು ಅಳೆದರೆ ಮಾತ್ರ ಅದು ಪ್ರಯೋಗ. ಬದಲಿಸಿದ ಅಂಶ ಸ್ವತಂತ್ರ ಚಲಕ, ಅಳೆದದ್ದು ಅವಲಂಬಿತ ಚಲಕ. ನೀವು ಯಾರ ಮೊಬೈಲ್ ಬಳಕೆಯನ್ನೂ ಬದಲಿಸಲಿಲ್ಲ, ಇದ್ದುದನ್ನು ಇದ್ದಂತೆ ಕೇಳಿ ಬರೆದುಕೊಂಡಿರಿ. ಆದುದರಿಂದ ನಿಮ್ಮಲ್ಲಿರುವುದು ಎರಡು ಚಲಕಗಳ ನಡುವಿನ ಸಹಸಂಬಂಧ, ಅಂದರೆ ಎರಡೂ ಜೊತೆಜೊತೆಯಾಗಿ ಬದಲಾಗುವುದು. ಒಂದು ಏರಿದಂತೆ ಇನ್ನೊಂದು ಇಳಿಯುವುದರಿಂದ ಅದು ಋಣಾತ್ಮಕ ಸಹಸಂಬಂಧ.

ಅಂಕ ಕಡಿಮೆಯಾದ ಬೇಸರದಲ್ಲಿಯೇ ಕೆಲವರು ಮೊಬೈಲಿಗೆ ಅಂಟಿಕೊಂಡಿರಬಹುದು. ಆಗ ಕಾರಣ ಯಾವುದು, ಪರಿಣಾಮ ಯಾವುದು? ರಾತ್ರಿ ನಿದ್ದೆ ಬಾರದವರು ಮೊಬೈಲನ್ನೂ ಹೆಚ್ಚು ನೋಡುತ್ತಿರಬಹುದು, ತರಗತಿಯಲ್ಲಿ ತೂಕಡಿಸಿ ಅಂಕವನ್ನೂ ಕಳೆದುಕೊಳ್ಳುತ್ತಿರಬಹುದು. ಹಾಗಿದ್ದರೆ ಎರಡಕ್ಕೂ ಮೂಲ ಮೂರನೆಯ ಅಂಶವೊಂದು. ನಿಮ್ಮ 40 ಉತ್ತರಗಳನ್ನು ಎಷ್ಟು ಸಲ ತಿರುವಿ ಹಾಕಿದರೂ ಇವುಗಳಲ್ಲಿ ಯಾವುದು ನಿಜವೆಂದು ತಿಳಿಯುವುದಿಲ್ಲ. ಅಧ್ಯಾಪಕರು 'ಸಾಬೀತು' ಎಂಬ ಪದಕ್ಕೆ ಸುತ್ತು ಹಾಕಿದ್ದು ಇದಕ್ಕಾಗಿಯೇ.

ಉತ್ತರ: ಸಂಶೋಧನಾ ವಿದ್ಯಾರ್ಥಿ

ಮೇಲಿನ ಮಾತಿಗೆ ಒಂದು ನಿಜವಾದ ಪ್ರಯೋಗವನ್ನು ಜೋಡಿಸುತ್ತೇನೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 45 ವಿದ್ಯಾರ್ಥಿಗಳಿಗೆ ವಾಹನ ಅಪಘಾತಗಳ ಚಿಕ್ಕ ಚಲನಚಿತ್ರಗಳನ್ನು ತೋರಿಸಿ ಕಾರುಗಳ ವೇಗವೆಷ್ಟಿತ್ತೆಂದು ಕೇಳಲಾಯಿತು. ಚಿತ್ರಗಳು ಎಲ್ಲರಿಗೂ ಅವೇ, ಆದರೆ ಪ್ರಶ್ನೆಯ ಒಂದೇ ಒಂದು ಕ್ರಿಯಾಪದ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆಯಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ, ಕಾರುಗಳು ಒಂದಕ್ಕೊಂದು 'ಅಪ್ಪಳಿಸಿದಾಗ' ವೇಗವೆಷ್ಟು ಎಂದು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು, 'ತಾಗಿದಾಗ' ಎಂದು ಕೇಳಿಸಿಕೊಂಡವರದು 31.8 ಮೈಲಿ. ಕ್ರಿಯಾಪದ ಸ್ವತಂತ್ರ ಚಲಕ, ವೇಗದ ಅಂದಾಜು ಅವಲಂಬಿತ ಚಲಕ.

ಅವರ ಎರಡನೆಯ ಪ್ರಯೋಗ ನನಗೆ ಇನ್ನೂ ಮುಖ್ಯವೆನಿಸುತ್ತದೆ. 150 ಮಂದಿಯನ್ನು 50ರಂತೆ ಮೂರು ಗುಂಪು ಮಾಡಿ, ಒಂದಕ್ಕೆ 'ಅಪ್ಪಳಿಸಿದಾಗ' ಎಂದೂ ಇನ್ನೊಂದಕ್ಕೆ 'ಡಿಕ್ಕಿ ಹೊಡೆದಾಗ' ಎಂದೂ ವೇಗವನ್ನು ಕೇಳಿದರು, ಮೂರನೆಯ ಗುಂಪಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ವಿಚಾರಿಸಿದಾಗ, ಕಂಡೆವು ಎಂದವರು ಕ್ರಮವಾಗಿ 16, 7 ಮತ್ತು 6 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ! ಪ್ರಶ್ನೆ ಕೇಳದೆ ಬಿಟ್ಟ ಮೂರನೆಯ ಗುಂಪೇ ನಿಯಂತ್ರಿತ ಗುಂಪು. ಅದು ಇಲ್ಲದಿದ್ದರೆ, ಪ್ರಶ್ನೆಯ ಪ್ರಭಾವವಿಲ್ಲದೆಯೂ ಜನ ಇಲ್ಲದ ಗಾಜನ್ನು ಎಷ್ಟರ ಮಟ್ಟಿಗೆ 'ಕಾಣುತ್ತಾರೆ' ಎಂಬುದು ತಿಳಿಯುತ್ತಲೇ ಇರಲಿಲ್ಲ.

ಉತ್ತರ: ನಿವೃತ್ತ ಅಧ್ಯಾಪಕ

ಗೆಳತಿಯ ಮಾತಿಗೆ ಉತ್ತರಿಸುವುದು ಬಾಕಿ ಉಳಿಯಿತು. ಚೀಟಿ ಎತ್ತುವ ಕೆಲಸ ಎರಡು ಹಂತಗಳಲ್ಲಿ ಬರುತ್ತದೆ, ಅವೆರಡನ್ನೂ ಕಲಸಿಕೊಳ್ಳಬಾರದು. ಹಾಸ್ಟೆಲಿನ ಇಡೀ ಪಟ್ಟಿಯಿಂದ ಚೀಟಿ ಎತ್ತಿ 40 ಮಂದಿಯನ್ನು ಆರಿಸುವುದು ಯಾದೃಚ್ಛಿಕ ಮಾದರಿ. ಅದರಿಂದ, ನಿಮಗೆ ದೊರೆತ ಫಲಿತಾಂಶ ನಿಮ್ಮ ಪರಿಚಿತರಿಗಷ್ಟೇ ಅಲ್ಲದೆ ಇಡೀ ಹಾಸ್ಟೆಲಿಗೆ ಅನ್ವಯಿಸುತ್ತದೆಂದು ಹೇಳಲು ಬಲ ಬರುತ್ತದೆ. ಆರಿಸಿದ 40 ಮಂದಿಯಲ್ಲಿ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿಯಿಂದ ತೀರ್ಮಾನಿಸುವುದು ಯಾದೃಚ್ಛಿಕ ಹಂಚಿಕೆ. ಕಾರಣವನ್ನು ಕುರಿತು ಮಾತನಾಡುವ ಹಕ್ಕು ಬರುವುದು ಈ ಎರಡನೆಯದರಿಂದ, ಏಕೆಂದರೆ ನಿದ್ದೆಗೆಡುವವರೂ ಚೆನ್ನಾಗಿ ಓದುವವರೂ ಎರಡೂ ಗುಂಪುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ.

ಇನ್ನೊಂದು ಮಾತು. 'ಮೊಬೈಲ್ ನೋಡುವುದು' ಎಂದರೆ ಏನೆಂದು ನೀವು ವ್ಯಾಖ್ಯಾನಿಸಿಲ್ಲ. ರೀಲ್ಸ್ ನೋಡುವುದೂ ಪಾಠದ ವಿಡಿಯೊ ನೋಡುವುದೂ ಒಂದೇ ಲೆಕ್ಕಕ್ಕೆ ಬರುತ್ತವೆಯೇ? ಬಾಯಿಮಾತಿನ ಅಂದಾಜಿಗಿಂತ ಮೊಬೈಲೇ ದಾಖಲಿಸಿಕೊಂಡಿರುವ ಬಳಕೆಯ ಸಮಯವನ್ನು ಬರೆದುಕೊಳ್ಳುವುದು ಉತ್ತಮ. ಹೀಗೆ ಅಳೆಯಬಹುದಾದ ರೀತಿಯಲ್ಲಿ ಪದವನ್ನು ನಿಗದಿಪಡಿಸುವುದನ್ನೇ ಕಾರ್ಯಾತ್ಮಕ ವ್ಯಾಖ್ಯೆ ಎನ್ನುತ್ತಾರೆ.

ಮರುಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಕೊನೆಯ ವಾಕ್ಯವನ್ನು "ಈ 40 ಮಂದಿಯಲ್ಲಿ ಮೊಬೈಲ್ ಬಳಕೆ ಮತ್ತು ಅಂಕಗಳ ನಡುವೆ ಋಣಾತ್ಮಕ ಸಹಸಂಬಂಧ ಕಂಡುಬಂದಿದೆ" ಎಂದು ತಿದ್ದಿದ್ದೇನೆ. ಇದೇ ವಿಷಯದ ಮೇಲೆ ಹಾಸ್ಟೆಲಿನಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಲು ಸಾಧ್ಯವೇ?

ಉತ್ತರ: ಸಂಶೋಧನಾ ವಿದ್ಯಾರ್ಥಿ

ಖಂಡಿತ ಸಾಧ್ಯ, ಆದರೆ ಅಂಕಗಳ ಗೊಡವೆಗೆ ಹೋಗಬೇಡಿ. ಪ್ರಯೋಗಕ್ಕೆಂದು ಯಾರ ಓದನ್ನೂ ಕೆಡಿಸಬಾರದು. ಒಪ್ಪಿಗೆ ಕೊಟ್ಟವರಿಗೆ ಮಾತ್ರ ಚೀಟಿ ಹಂಚಿ, ಅರ್ಧ ಮಂದಿಗೆ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಡಲು, ಉಳಿದವರಿಗೆ ಪಕ್ಕದ ಕೋಣೆಯಲ್ಲಿ ಇಟ್ಟು ಬರಲು ಹೇಳಿ. ಎಲ್ಲರಿಗೂ ಅವೇ 20 ಪದಗಳ ಪಟ್ಟಿಯನ್ನು ಎರಡು ನಿಮಿಷ ತೋರಿಸಿ, ನೆನಪಿದ್ದಷ್ಟನ್ನು ಬರೆಸಿ ಎಣಿಸಿ. ಒಂದು ಗುಂಪಿಗೆ ಬೆಳಿಗ್ಗೆ, ಇನ್ನೊಂದಕ್ಕೆ ಊಟವಾದ ಮೇಲೆ ಮಾಡಿಸಿದರೆ ಮಾತ್ರ ಪಟ್ಟ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಕಂಡ ವ್ಯತ್ಯಾಸ ಮೊಬೈಲಿನದೋ ಊಟದ ನಂತರದ ಮಂಪರಿನದೋ ಎಂದು ಹೇಳಲಾಗುವುದಿಲ್ಲ. ಉತ್ತರಗಳನ್ನು ಎಣಿಸುವ ಕೆಲಸವನ್ನು, ಯಾರು ಯಾವ ಗುಂಪಿನವರೆಂದು ಗೊತ್ತಿಲ್ಲದ ಗೆಳತಿಗೆ ಒಪ್ಪಿಸಿ.