ಒದ್ದೆ ತೋಟದಲ್ಲಿ ಮುಂದಿನ ಚಕ್ರ ಜಾರುತ್ತಿದೆ, ಗಾಳಿ ಇಳಿಸಿದರೆ ಟ್ಯೂಬ್ ಸೀಳುತ್ತಿದೆ. ಟಯರ್ ಬದಲಿಸಬೇಕಾ?

ಹಾಸನದ ಸವಾರ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ಒಂದು ಎಂಟಿಬಿ (ಮೌಂಟನ್ ಬೈಕ್ ಸೈಕಲ್) ತೆಗೆದುಕೊಂಡೆ. 29 ಇಂಚಿನ ಚಕ್ರ, ಮುಂದೆ ಮಾತ್ರ ಸಸ್ಪೆನ್ಷನ್. ವಾರದ ದಿನಗಳಲ್ಲಿ ಹಾಸನದ ಸುತ್ತಮುತ್ತ ಕೆರೆ ಏರಿ, ಹೊಲದ ನಡುವಿನ ಗರಸು ದಾರಿ. ಭಾನುವಾರ ಸಕಲೇಶಪುರದ ಹತ್ತಿರ ಸ್ನೇಹಿತರೊಬ್ಬರ ಕಾಫಿ ತೋಟ.

ಮಳೆ ಬಿದ್ದ ಮೇಲೆ ತೋಟದ ಇಳಿಜಾರಿನಲ್ಲಿ ಮುಂದಿನ ಚಕ್ರ ಒಮ್ಮೆಲೇ ಪಕ್ಕಕ್ಕೆ ಹೋಗುತ್ತದೆ. ಎರಡು ಸಲ ಬಿದ್ದೆ. ಮೊಣಕೈ ತರಚಿದೆ, ಅಷ್ಟೇ. ಆದರೆ ಈಗ ಇಳಿಜಾರು ಕಂಡರೆ ಕೈ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. ಅಂಗಡಿಯವರು ಎರಡೂ ಚಕ್ರಕ್ಕೆ 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದುಕೊಟ್ಟಿದ್ದರು, ನಾನೂ ಅಷ್ಟೇ ಇಟ್ಟುಕೊಂಡಿದ್ದೆ. ಜೊತೆಯಲ್ಲಿ ಬಂದಿದ್ದವರು "20ಕ್ಕೆ ಇಳಿಸಿ ನೋಡಿ" ಅಂದರು. ಇಳಿಸಿದೆ. ಹಿಡಿತ ಬಂತು ನಿಜ, ಆದರೆ ಆಮೇಲಿನ ಎರಡು ಭಾನುವಾರವೂ ಹಿಂದಿನ ಟ್ಯೂಬ್ ಹೋಯಿತು. ಮುಳ್ಳು ಸಿಗಲಿಲ್ಲ, ಮೊಳೆಯೂ ಸಿಗಲಿಲ್ಲ.

ಸದ್ಯಕ್ಕೆ ಒಂದು ಒಳ್ಳೆಯ ಟಯರಿಗೆ ಆಗುವಷ್ಟು ದುಡ್ಡಿದೆ. ಯಾವುದು ತಗೊಳ್ಳಲಿ? ಕೆಸರಿಗೆ ಅಂತಲೇ ಬರುವ ಟಯರ್ ಹಾಕಿದರೆ ಸರಿಹೋಗುತ್ತಾ?

ಗರಸುದಾರಿ

ದುಡ್ಡು ಖರ್ಚು ಮಾಡುವ ಮುಂಚೆ ಸ್ವಲ್ಪ ತಾಳಿ ಸರ್. ಕೆಲವು ವಿಷಯ ಗೊತ್ತಾಗಬೇಕು.

ಟಯರಿನ ಪಕ್ಕದಲ್ಲಿ 57-622 ಥರದ, ಟಯರಿನ ಅಳತೆ ಹೇಳುವ ಒಂದು ಜೋಡಿ ಅಂಕಿ ಇರುತ್ತದೆ, ಅದನ್ನು ಬರೆಯಿರಿ. ಅಲ್ಲೇ ಎಷ್ಟರಿಂದ ಎಷ್ಟರವರೆಗೆ ಗಾಳಿ ಅಂತಲೂ ಅಚ್ಚಾಗಿರುತ್ತದೆ. ನಿಮ್ಮ ತೂಕ ಎಷ್ಟು? ಬೆನ್ನಿನ ಚೀಲ, ನೀರು ಎಲ್ಲ ಸೇರಿಸಿ ಹೇಳಿ. ಗಾಳಿ ಅಳೆಯುವುದು ಯಾವುದರಲ್ಲಿ? ಹೋದ ಟ್ಯೂಬುಗಳನ್ನು ಎಸೆದಿಲ್ಲ ಅಲ್ವಾ? ಅದರಲ್ಲಿ ತೂತು ಒಂದೇ ಇದೆಯಾ, ಎರಡಿದೆಯಾ, ಯಾವ ಕಡೆ ಇದೆ ಅಂತ ನೋಡಿ. ಏನಾಗಿದೆ ಅಂತ ಆ ತೂತು ನೋಡಿದರೇ ತಿಳಿಯುತ್ತದೆ. ನೆಲಕ್ಕೆ ತಾಗುವ ಕಡೆ ಒಂದೇ ಚುಕ್ಕೆಯಿದ್ದರೆ ಮುಳ್ಳು. ಒಳಗಡೆ, ರಿಮ್ಮಿನ ಕಡೆ ಇದ್ದರೆ ಕಡ್ಡಿಯ ತುದಿ ಅಥವಾ ರಿಮ್ ಪಟ್ಟಿ ಸರಿದಿರುವುದು. ಅಕ್ಕಪಕ್ಕ ಎರಡು ಸೀಳಿದ್ದರೆ ಬೇರೆ ಕಥೆ.

ಹಾಸನದ ಸವಾರ

ಟ್ಯೂಬ್ ಇಟ್ಟಿದ್ದೇನೆ ಸರ್. ಎರಡರಲ್ಲೂ ಅಕ್ಕಪಕ್ಕ ಎರಡೆರಡು ಸಣ್ಣ ಸೀಳು. ಹಾವು ಕಚ್ಚಿದ ಹಾಗೆಯೇ ಇದೆ.

ಟಯರ್ ಮೇಲೆ 57-622, ಪಕ್ಕದಲ್ಲಿ 29 x 2.25 ಇಂಚು. ಗಾಳಿ 26ರಿಂದ 54 ಪಿಎಸ್‌ಐ ಅಂತಿದೆ. ನನ್ನ ತೂಕ 78 ಕೆ.ಜಿ., ಚೀಲ ಸೇರಿ 82. ಅಳೆಯುವುದು ಮನೆಯ ಫ್ಲೋರ್ ಪಂಪಿನಲ್ಲಿರುವ ಗಾಳಿ ತೋರಿಸುವ ಮುಳ್ಳಿನಲ್ಲೇ. ಅದರ ಮೇಲೆ 160ರವರೆಗೆ ಅಂಕಿ ಇದೆ.

ಗರಸುದಾರಿ

ಈಗ ಗೊತ್ತಾಯಿತು. ನಿಮ್ಮ ಟಯರ್ ಕೆಟ್ಟದ್ದಲ್ಲ. 45 ತುಂಬಾ ಜಾಸ್ತಿ ಆಯಿತು, 20 ತುಂಬಾ ಕಡಿಮೆ ಆಯಿತು. ಮೇಲಾಗಿ ಆ 20 ನಿಜವಾಗಿ 20 ಆಗಿರಲಿಕ್ಕಿಲ್ಲ.

ಮೊದಲು ಪಂಪಿನ ವಿಷಯ. 160ರವರೆಗೆ ಓದುವ ಮುಳ್ಳು ರಸ್ತೆ ಸೈಕಲ್ಲಿಗೆ ಸಾಕು. 20-30ರ ಜಾಗ ಅದರಲ್ಲಿ ಬೆರಳ ಉಗುರಿನಷ್ಟು. ಅಲ್ಲಿ ನಾಲ್ಕೈದು ಪಿಎಸ್‌ಐ ಹೆಚ್ಚುಕಡಿಮೆ ತೋರಿಸಿದರೂ ಕಣ್ಣಿಗೆ ಕಾಣುವುದಿಲ್ಲ. ರಸ್ತೆ ಸೈಕಲ್ಲಿಗೆ ಅದು ಲೆಕ್ಕಕ್ಕಿಲ್ಲ, ನಮಗೆ ಅದೇ ದೊಡ್ಡ ವ್ಯತ್ಯಾಸ. ಕಡಿಮೆ ಒತ್ತಡ ಅಳೆಯುವ ಒಂದು ಪ್ರತ್ಯೇಕ ಗೇಜ್ ತಗೊಳ್ಳಿ. ನಿಮ್ಮ ವಾಲ್ವ್ ಕಾರಿನ ಥರದ್ದಾ, ಸಣ್ಣ ಪ್ರೆಸ್ಟಾನಾ ನೋಡಿಕೊಂಡು ಕೊಳ್ಳಿ. ಟಯರಿಗಿಂತ ಮುಂಚೆ ಕೊಳ್ಳಬೇಕಾದ್ದು ಇದು.

ಇನ್ನು ಸೀಳು. ಗಾಳಿ ಕಡಿಮೆಯಿದ್ದಾಗ ಚಕ್ರ ಕಲ್ಲಿಗೋ ಬೇರಿಗೋ ಹೊಡೆದರೆ ಟಯರ್ ರಿಮ್ಮಿನ ತನಕ ಅಪ್ಪಚ್ಚಿಯಾಗುತ್ತದೆ. ನಡುವೆ ಟ್ಯೂಬ್ ಸಿಕ್ಕಿಕೊಂಡು ಎರಡು ಕಡೆ ಸೀಳುತ್ತದೆ. ಹಿಂದಿನ ಚಕ್ರಕ್ಕೇ ಯಾಕೆ ಆಯಿತು ಅಂದರೆ, ನಿಮ್ಮ ತೂಕದ ಹೆಚ್ಚಿನ ಪಾಲು ಅಲ್ಲಿದೆ, ಅಲ್ಲಿ ಸಸ್ಪೆನ್ಷನ್ನೂ ಇಲ್ಲ. ಅದಕ್ಕೇ ಎರಡಕ್ಕೂ ಒಂದೇ ಗಾಳಿ ಹೊಡೆಯಬಾರದು. ಹಿಂದೆ ಮುಂದಿಗಿಂತ ಮೂರು ನಾಲ್ಕು ಜಾಸ್ತಿ ಇರಲಿ.

45ರಲ್ಲಿ ಜಾರಿದ್ದು ಯಾಕೆ? ಅಷ್ಟು ಗಟ್ಟಿಯಾದ ಟಯರ್ ಕಲ್ಲನ್ನು, ಬೇರನ್ನು ಅಪ್ಪಿಕೊಳ್ಳುವುದಿಲ್ಲ. ಪುಟಿದು ಮೇಲೇಳುತ್ತದೆ. ಚಕ್ರ ಗಾಳಿಯಲ್ಲಿದ್ದಾಗ ಬ್ರೇಕೂ ಇಲ್ಲ, ತಿರುವೂ ಇಲ್ಲ. ಗಾಳಿ ಸರಿಯಿದ್ದರೆ ಟಯರ್ ಒಂದಿಷ್ಟು ಚಪ್ಪಟೆಯಾಗಿ ಜಾಸ್ತಿ ಹಲ್ಲುಗಳು ನೆಲಕ್ಕೆ ಕೂರುತ್ತವೆ. ಎಷ್ಟೋ ಜನ ಗಟ್ಟಿ ಟಯರ್ ಬೇಗ ಓಡುತ್ತದೆ ಅಂದುಕೊಳ್ಳುತ್ತಾರೆ. ನುಣ್ಣನೆ ಡಾಂಬರಿನಲ್ಲಿ ಹೌದು. ಗರಸಿನಲ್ಲಿ ಪ್ರತಿ ಕಲ್ಲಿಗೂ ನಿಮ್ಮನ್ನು ಮೇಲಕ್ಕೆತ್ತಿ ಇಳಿಸುವುದಕ್ಕೇ ನಿಮ್ಮ ಶಕ್ತಿ ಹೋಗುತ್ತದೆ.

ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 2.25 ಟಯರಿಗೆ ನಾನು ಶುರು ಮಾಡುವುದು ಹೀಗೆ. ಹಾಸನದ ಗರಸಿಗೆ ಮುಂದೆ 28, ಹಿಂದೆ 32. ಒದ್ದೆ ತೋಟಕ್ಕೆ 26 ಮತ್ತು 30. ಚೂಪು ಕಲ್ಲು ಜಾಸ್ತಿಯಿರುವ ಕಡೆ 29 ಮತ್ತು 34. ತುಂಬಾ ದೂರ ಡಾಂಬರ್ ಇದ್ದರೆ 40ರ ಹತ್ತಿರ. 26ಕ್ಕಿಂತ ಕೆಳಗೆ ಇಳಿಸಬೇಡಿ, ಟಯರ್ ಮಾಡಿದವರೇ ಅಚ್ಚು ಹಾಕಿರುವ ಮಿತಿ ಅದು.

ಇವು ಶುರುಮಾಡುವ ಅಂಕಿ ಮಾತ್ರ. ನಿಮ್ಮದನ್ನು ನೀವೇ ಹುಡುಕಬೇಕು. ತೋಟದಲ್ಲಿ ಒಂದು ಇನ್ನೂರು ಮೀಟರ್ ದಾರಿ ಆರಿಸಿಕೊಳ್ಳಿ, ಒಂದು ತಿರುವು, ಒಂದಷ್ಟು ಬೇರು, ಕಲ್ಲು ಇರುವಂಥದ್ದು. ಅದನ್ನೇ ನಾಲ್ಕೈದು ಸಲ ಹೋಗಿ. ಪ್ರತಿ ಸಲ ಎರಡು ಪಿಎಸ್‌ಐ ಮಾತ್ರ ಬದಲಿಸಿ. ರಿಮ್ಮಿಗೆ ಕಲ್ಲು ತಾಗಿ ಠಣ್ ಅಂದರೆ ಎರಡು ಏರಿಸಿ. ತಿರುವಿನಲ್ಲಿ ಟಯರ್ ರಿಮ್ಮಿನ ಕೆಳಗೆ ಹೊರಳಿದ ಹಾಗೆ, ಸೈಕಲ್ ತಡವಾಗಿ ಮಾತು ಕೇಳಿದ ಹಾಗೆ ಅನಿಸಿದರೂ ಏರಿಸಿ. ಹ್ಯಾಂಡಲ್ ಕೈಯಲ್ಲಿ ಪಟಪಟ ಹೊಡೆದುಕೊಂಡರೆ ಇಳಿಸಿ. ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ನಾನು ಟೂಲ್ ಚೀಲದಲ್ಲಿ ಒಂದು ಚೀಟಿ ಇಟ್ಟಿರುತ್ತೇನೆ, ಇವತ್ತಿಗೂ ನೋಡಿಕೊಳ್ಳುತ್ತೇನೆ.

ಇನ್ನೊಂದು ಮಾತು. ಬೆಳಗಿನ ಚಳಿಯಲ್ಲಿ ಹೊಡೆದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಒಂದೆರಡು ಪಿಎಸ್‌ಐ ಏರುತ್ತದೆ. ಹೋಲಿಸುವಾಗ ಇದು ನೆನಪಿರಲಿ.

ಎರೆಸೀಮೆ

ಗರಸುದಾರಿ ಅವರು ಹೇಳಿದ್ದು ಸರಿ ಐತಿ. ಕೆಸರಿನ ಟಯರ್ ಬಗ್ಗೆ ನಾನು ಒಂದು ಮಾತು ಸೇರಿಸುತ್ತೇನೆ. ನಾನಿರುವುದು ಧಾರವಾಡದ ಪೂರ್ವಕ್ಕೆ, ಪೂರ್ತಿ ಕಪ್ಪು ಎರೆ ಭೂಮಿ. ಮಳೆ ಬಿದ್ದರೆ ಈ ಮಣ್ಣು ಜಾರುವುದಕ್ಕಿಂತ ಜಾಸ್ತಿ ಅಂಟುತ್ತದೆ. ಟಯರಿಗೆ ಮೆತ್ತಿಕೊಂಡು, ಫೋರ್ಕಿನ ಸಂದಿಗೆ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಸೈಕಲ್ ಹೊತ್ತುಕೊಂಡು ಮೂರು ಕಿಲೋಮೀಟರ್ ನಡೆದಿದ್ದೇನೆ.

ಅಂಥ ಕಡೆ ಅಗಲ ಟಯರ್ ಹಾಕಿದರೆ ಸಂದಿ ಇನ್ನೂ ಕಡಿಮೆಯಾಗುತ್ತದೆ. 2.1ರಷ್ಟು ಸಣ್ಣದು, ಹಲ್ಲು ಎತ್ತರ, ಹಲ್ಲುಗಳ ನಡುವೆ ಜಾಗ ಜಾಸ್ತಿ ಇರುವುದು ಮೇಲು. ಮಣ್ಣು ಉದುರಿ ಹೋಗಲಿಕ್ಕೆ ಆ ಜಾಗ ಬೇಕು. ಜೋರು ಮಳೆಯ ಮರುದಿನ ಮಾತ್ರ ಯಾವ ಟಯರೂ ನಡೆಯುವುದಿಲ್ಲ. ಎರಡು ದಿನ ಬಿಸಿಲು ಬೀಳಲಿ ಅಂತ ಕಾಯುತ್ತೇವೆ.

ನಿಮ್ಮ ತೋಟದ ಮಣ್ಣು ಹಾಗಲ್ಲ ನೋಡ್ರಿ. ಮೇಲೆ ಕೊಳೆತ ಎಲೆ, ಕೆಳಗೆ ಗಟ್ಟಿ ಕೆಮ್ಮಣ್ಣು, ನಡುನಡುವೆ ಬೇರು. ಅಪ್ಪಟ ಕೆಸರಿನ ಟಯರ್ ಹಾಕಿದರೆ ವಾರದಲ್ಲಿ ನಾಲ್ಕು ದಿನ ಒಣ ಗರಸಿನ ಮೇಲೆ ಅದರ ಉದ್ದ ಹಲ್ಲು ಬಾಗಿ ತಿರುವಿನಲ್ಲಿ ಓಲಾಡುತ್ತದೆ. ಬೇಗ ಸವೆಯುತ್ತದೆ ಕೂಡ.

ನಮ್ಮ ಕಡೆ ಇನ್ನೊಂದು ತೊಂದರೆ ಬಳ್ಳಾರಿ ಜಾಲಿಯ ಮುಳ್ಳು. ಅದಕ್ಕೆ ಗಾಳಿ ಏರಿಸಿದರೂ ಇಳಿಸಿದರೂ ಉಪಯೋಗ ಇಲ್ಲ, ಒಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಇರಬೇಕು.

ತೋಟದ ಹುಡುಗ

ಟ್ಯೂಬ್‌ಲೆಸ್ ಮಾಡಿಸಿಬಿಡಿ ಅಣ್ಣ! ಟ್ಯೂಬೇ ಇಲ್ಲ ಅಂದರೆ ಸೀಳುವುದಕ್ಕೆ ಏನಿದೆ? ನಾನು 70 ಕೆ.ಜಿ., ಮೂಡಿಗೆರೆ ಕಡೆಯ ತೋಟಗಳಲ್ಲಿ ಮುಂದೆ 20, ಹಿಂದೆ 23 ಇಟ್ಟು ಓಡಿಸುತ್ತೇನೆ. ಒದ್ದೆ ಬೇರಿನ ಮೇಲೆ ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ?

ಗರಸುದಾರಿ

ನೀವು ಹೇಳಿದ್ದು ನಿಜ, ಟ್ಯೂಬ್ ತೆಗೆದರೆ ನಾಲ್ಕೈದು ಪಿಎಸ್‌ಐ ಆರಾಮಾಗಿ ಇಳಿಸಬಹುದು. ಆದರೆ ಅವರ ರಿಮ್, ಟಯರ್ ಎರಡೂ ಟ್ಯೂಬ್‌ಲೆಸ್‌ಗೆ ಅಂತ ಮಾಡಿದವು ಆಗಿರಬೇಕು. ಶುರುವಿನ ಬೆಲೆಯ ಸೈಕಲ್ಲಿಗೆ ಬರುವ ತಂತಿ ಅಂಚಿನ ಟಯರನ್ನು ಸುಮ್ನೆ ಟೇಪ್ ಸುತ್ತಿ ಹಾಕಿದರೆ ಇಳಿಜಾರಿನಲ್ಲಿ ಅಂಚು ಬಿಟ್ಟುಕೊಳ್ಳುವ ಅಪಾಯ ಇದೆ. ಅದು ಪಂಕ್ಚರಿನಷ್ಟು ಸಣ್ಣ ವಿಷಯ ಅಲ್ಲ. ಜೊತೆಗೆ ಸೀಲೆಂಟ್ ನಮ್ಮ ಬೇಸಿಗೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಮತ್ತೆ ಹಾಕುತ್ತಿರಬೇಕು. ರಿಮ್ ಬದಲಿಸುವ ದಿನ ಬಂದಾಗ ಖಂಡಿತ ಮಾಡಿಸಲಿ.

ಹಾಸನದವರೇ, ಮೊದಲು ಗೇಜ್ ತಂದು ಎರಡು ಭಾನುವಾರ ಓಡಿಸಿ. ಆಮೇಲೂ ಟಯರ್ ಬೇಕು ಅನಿಸಿದರೆ ಮುಂದಕ್ಕೆ ಮಾತ್ರ ತಗೊಳ್ಳಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ. ಅದಕ್ಕೆ ಹಿಡಿತ ಮುಂದೆ ಇರಲಿ, ಹಗುರಾಗಿ ಉರುಳುವುದು ಹಿಂದೆ ಇರಲಿ. ಶ್ವಾಲ್ಬೆ ನೋಬಿ ನಿಕ್ 2.35 ಥರದ್ದು ನಿಮ್ಮ ಬಳಕೆಗೆ ಹೊಂದುತ್ತದೆ. ಪಕ್ಕದ ಹಲ್ಲು ಗಟ್ಟಿ, ನಡುವಿನ ಹಲ್ಲು ತೀರಾ ಉದ್ದ ಅಲ್ಲ, ಗರಸಿಗೂ ನಡೆಯುತ್ತದೆ. ಕೊಳ್ಳುವ ಮುಂಚೆ ಫೋರ್ಕಿನ ಒಳಗೆ ಟಯರಿನ ಎರಡೂ ಪಕ್ಕ ಕಡೇಪಕ್ಷ ಆರು ಮಿ.ಮೀ. ಸಂದಿ ಉಳಿಯುತ್ತಾ ನೋಡಿ. ಹಾಕುವಾಗ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೆ ಇರಲಿ.

ಹಾಸನದ ಸವಾರ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ಡಿಜಿಟಲ್ ಗೇಜ್ ತಂದೆ. ಪಂಪ್ 20 ತೋರಿಸಿದಾಗ ಗೇಜಿನಲ್ಲಿ 15 ಬಂತು! ಮೂರು ಸಲ ಅಳೆದೆ, ಮೂರು ಸಲವೂ ಹಾಗೇ. ಅಂದರೆ ನಾನು 82 ಕೆ.ಜಿ. ಹೊತ್ತು 15ರಲ್ಲಿ ಕಲ್ಲಿನ ಮೇಲೆ ಇಳಿದಿದ್ದೆ. ಟ್ಯೂಬ್ ಉಳಿಯುವುದು ಹೇಗೆ?

ನೀವು ಹೇಳಿದ ಹಾಗೆ ಒಂದು ದಾರಿ ಆರಿಸಿಕೊಂಡೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ಹಿಂದಿನಿಂದ ಹಳ್ಳದವರೆಗೆ. 32ರಿಂದ ಶುರುಮಾಡಿ ಇಳಿಸುತ್ತಾ ಬಂದೆ. ಮುಂದೆ 26, ಹಿಂದೆ 30 ಇದ್ದಾಗ ಹಿಂದೆ ಒಂದು ಸಲ ಠಣ್ ಅಂತು. ಹಿಂದಿನದನ್ನು 32 ಮಾಡಿದೆ, ಆಮೇಲೆ ಆ ಸದ್ದು ಇಲ್ಲ. ನಾನು ಬಿದ್ದಿದ್ದ ತಿರುವಿನಲ್ಲಿ ಆರು ಸಲ ಇಳಿದೆ. ಒಂದು ಸಲವೂ ಮುಂದಿನ ಚಕ್ರ ಬಿಟ್ಟುಹೋಗಲಿಲ್ಲ. ಅದೇ ಹಳೆಯ ಟಯರ್ ಸರ್! ತುಂಬಾ ಖುಷಿಯಾಯಿತು, ನಿಮಗೆಲ್ಲ ಹೇಳಬೇಕು ಅಂತ ಮನೆಗೆ ಬಂದ ತಕ್ಷಣ ಬರೆಯುತ್ತಿದ್ದೇನೆ.

ಒಂದೇ ಒಂದು ಉಳಿದಿದೆ. ದಾರಿಗೆ ಅಡ್ಡವಾಗಿ ಓರೆ ಮಲಗಿರುವ ಒದ್ದೆ ಬೇರಿನ ಮೇಲೆ ಈಗಲೂ ಚಕ್ರ ಸರಕ್ ಅನ್ನುತ್ತದೆ. ಇನ್ನೂ ಗಾಳಿ ಇಳಿಸಬೇಕಾ?

ಗರಸುದಾರಿ

ಬೇಡ, 26ಕ್ಕೇ ನಿಲ್ಲಿಸಿ. ಸಿಪ್ಪೆ ಹೋದ ಒದ್ದೆ ಬೇರಿಗೆ ಯಾವ ಹಲ್ಲೂ ಕಚ್ಚುವುದಿಲ್ಲ, ಅಲ್ಲಿ ಹಿಡಿಯುವುದು ಮೆತ್ತನೆಯ ರಬ್ಬರ್ ಮಾತ್ರ. ಹೊಸ ಟಯರ್ ಕೊಳ್ಳುವಾಗ ಅದರಲ್ಲೇ ಮೆತ್ತನೆ ರಬ್ಬರಿನ ಬಗೆ ಕೇಳಿ, ಸ್ವಲ್ಪ ಬೇಗ ಸವೆದರೂ ಪರವಾಗಿಲ್ಲ. ಅಲ್ಲಿಯವರೆಗೆ ಬೇರಿಗೆ ಹತ್ತು ಅಡಿ ಮುಂಚೆಯೇ ವೇಗ ಇಳಿಸಿಕೊಳ್ಳಿ. ಬೇರಿನ ಮೇಲೆ ಬ್ರೇಕ್ ಪೂರ್ತಿ ಬಿಡಿ, ಹ್ಯಾಂಡಲ್ ನೇರ ಇರಲಿ, ಓರೆಯಾಗಿ ಅಲ್ಲ, ಬೇರಿಗೆ ಆದಷ್ಟು ನೇರ ಅಡ್ಡಕ್ಕೆ ದಾಟಿ. ಮುಂದಿನ ಚಕ್ರ ದಾಟಿದ ಮೇಲೆ ಹಿಂದಿನದು ಒಂದಿಷ್ಟು ಸರಿದರೂ ಸೈಕಲ್ ತಾನೇ ನೇರವಾಗುತ್ತದೆ.

ನಿಮ್ಮ ಚೀಟಿಯಲ್ಲಿ ತೋಟದ ಸಾಲಿಗೆ 26 ಮತ್ತು 32 ಅಂತ ಬರೆದುಕೊಳ್ಳಿ. ಹೊಸ 2.35 ಬಂದ ದಿನ ಮುಂದಿನದನ್ನು ಮತ್ತೆ ಅದೇ ಹಳ್ಳದ ದಾರಿಯಲ್ಲಿ ಅಳೆಯಬೇಕಾಗುತ್ತದೆ. ಅಗಲ ಟಯರಿಗೆ ಒಂದೆರಡು ಕಡಿಮೆ ಸಾಕಾಗಬಹುದು, ಆದರೆ ಇಳಿಸುವ ಮುಂಚೆ ಅದರ ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠ ಅಂಕಿ ಓದಿಕೊಳ್ಳಿ.

ಹಾಸನದ ಸವಾರ

ಬರೆದುಕೊಂಡೆ ಸರ್. ಟಯರ್ ಬಂದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.