ಹಾಜರಿ ಪುಸ್ತಕದಲ್ಲಿ ಮೆಸ್ಸಿಯೇ ಮೊದಲಿಗನೇ?

ಲೆಕ್ಕದ ಮೇಷ್ಟ್ರು:
ಮೂವತ್ತು ವರ್ಷ ಮಕ್ಕಳ ಹಾಜರಿ ಬರೆದ ಕೈ ಸುಮ್ಮನೆ ಕೂರುವುದಿಲ್ಲ. ನಿವೃತ್ತಿಯ ಮೇಲೆ ಈಗ ಫುಟ್‌ಬಾಲ್ ಆಟಗಾರರ ಹಾಜರಿ ಬರೆಯುತ್ತಿದ್ದೇನೆ. ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಪಂದ್ಯ ಆಡಿದವರು, 2022ರ ಕತಾರ್‌ವರೆಗೆ: ಮೆಸ್ಸಿ 26, ಜರ್ಮನಿಯ ಲೋಥರ್ ಮಥಾಯಸ್ 25, ಕ್ಲೋಸೆ 24, ಇಟಲಿಯ ಮಾಲ್ಡಿನಿ 23, ಕ್ರಿಸ್ಟಿಯಾನೊ ರೊನಾಲ್ಡೊ 22. 2026ರಿಂದ 48 ತಂಡಗಳು, ಫೈನಲ್ ತಲುಪಿದವರಿಗೆ ಎಂಟು ಪಂದ್ಯ. ಆ ಹಿಗ್ಗಿದ ಲೆಕ್ಕವನ್ನು ಇದರೊಳಗೆ ಬೆರೆಸಲು ನನಗೆ ಮನಸ್ಸಿಲ್ಲ. ಅದಕ್ಕೆ ಬೇರೆ ಪುಟ.

ನನ್ನ ವಾದ ಇಷ್ಟೇ. ಗೋಲಿನ ದಾಖಲೆಯನ್ನು ಒಂದೇ ತಿಂಗಳಲ್ಲಿ ಮಾಡಬಹುದು. 1958ರಲ್ಲಿ ಫ್ರಾನ್ಸ್‌ನ ಜಸ್ಟ್ ಫಾಂಟೈನ್ ಆರು ಪಂದ್ಯಗಳಲ್ಲಿ 13 ಗೋಲು ಹೊಡೆದರು. ಆದರೆ 26 ಪಂದ್ಯಗಳನ್ನು ಯಾರೂ ಒಂದು ತಿಂಗಳಲ್ಲಿ ಆಡಲಾರರು. ಹದಿನಾರು ವರ್ಷ ಕಾಲು ಗಟ್ಟಿಯಿರಬೇಕು, ಐದು ಸಲ ತಂಡಕ್ಕೆ ಆಯ್ಕೆಯಾಗಬೇಕು. ಹಾಗಾಗಿ ನನ್ನ ಮಟ್ಟಿಗೆ ಇದೇ ನಿಜವಾದ ದಾಖಲೆ. ತಪ್ಪಿದ್ದರೆ ತಿದ್ದಿ.

ಹತ್ತನೇ ನಂಬರ್:
ಇದರಲ್ಲಿ ಚರ್ಚೆಗೆ ಏನಿದೆ ಮೇಷ್ಟ್ರೇ? ದಕ್ಷಿಣ ಅಮೆರಿಕದ ದೇಶಗಳ ಕೂಟ ಕೋಪಾ ಅಮೆರಿಕವನ್ನೂ ಸೇರಿಸಿ. ಅಲ್ಲಿಯೂ 39 ಪಂದ್ಯಗಳೊಂದಿಗೆ ಮೆಸ್ಸಿಯೇ ಮೊದಲಿಗ. ಎರಡೂ ಕೂಡಿದರೆ 65. ಬೀಗ ಹಾಕಿ, ಎಲ್ಲರೂ ಮನೆಗೆ ಹೋಗೋಣ.

ಹಲಸೂರಿನ ಹಳಬ:
ಇಷ್ಟು ಬೇಗ ಬೀಗ ಬೇಡ. ಪಂದ್ಯ ಎಂದರೇನು? 2006ರಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ ವಿರುದ್ಧ ಮೆಸ್ಸಿ ಮೈದಾನಕ್ಕೆ ಇಳಿದಿದ್ದು ಕೊನೆಯ ಕಾಲು ಗಂಟೆಗೆ. ಅದೂ ಒಂದು ಪಂದ್ಯ. ಮಥಾಯಸ್ 1982ರಲ್ಲಿ ಆಡಿದ ಎರಡೂ ಪಂದ್ಯ ಬದಲಿ ಆಟಗಾರನಾಗಿ. ಅವೂ ಎರಡು ಪಂದ್ಯ. ಹಾಜರಿ ಕೂಗುವ ಹೊತ್ತಿಗೆ ಬಾಗಿಲಲ್ಲಿ ತಲೆ ಹಾಕಿ ‘ಇದ್ದೇನೆ ಸಾರ್’ ಎಂದ ಹುಡುಗನಿಗೂ ದಿನವಿಡೀ ಬೆಂಚಿನಲ್ಲಿ ಕೂತವನಿಗೂ ನಿಮ್ಮ ಪುಸ್ತಕದಲ್ಲಿ ಒಂದೇ ಗುರುತು.

ಪಾವ್ಲೊ ಮಾಲ್ಡಿನಿಯ ಲೆಕ್ಕ ನೋಡಿ. 23 ಪಂದ್ಯ, ತಲಾ 90 ನಿಮಿಷ, ಒಟ್ಟು 2,070. ಇದರ ಮೇಲೆ ಹೆಚ್ಚುವರಿ ಅವಧಿ: 1990ರ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ 30, 1994ರಲ್ಲಿ ನೈಜೀರಿಯಾ ವಿರುದ್ಧ 30, ಅದೇ ವರ್ಷ ಬ್ರೆಜಿಲ್ ವಿರುದ್ಧದ ಫೈನಲ್‌ನಲ್ಲಿ 30, 1998ರಲ್ಲಿ ಫ್ರಾನ್ಸ್ ವಿರುದ್ಧ 30. ಕೊನೆಯದಾಗಿ 2002ರಲ್ಲಿ ದಕ್ಷಿಣ ಕೊರಿಯಾದ ಆನ್ ಜಂಗ್-ಹ್ವಾನ್ 117ನೇ ನಿಮಿಷದಲ್ಲಿ ಗೋಲ್ಡನ್ ಗೋಲು (ಹೆಚ್ಚುವರಿ ಅವಧಿಯಲ್ಲಿ ಬಿದ್ದೊಡನೆ ಪಂದ್ಯ ಮುಗಿಸುತ್ತಿದ್ದ ಗೋಲು) ಹೊಡೆದು ಇಟಲಿಯನ್ನು ಮನೆಗೆ ಕಳುಹಿಸುವವರೆಗೆ 27. ಕೂಡಿದರೆ 2,217. ನಾಲ್ಕು ವಿಶ್ವಕಪ್‌ಗಳಲ್ಲಿ ಆ ಮನುಷ್ಯ ಒಂದು ನಿಮಿಷವೂ ಹೊರಗೆ ಕೂರಲಿಲ್ಲ. ಮೆಸ್ಸಿಯ ನಿಮಿಷಗಳು 2,314, ಹೆಚ್ಚೇ ಸರಿ. ಆದರೆ ಮೂರು ಪಂದ್ಯ ಹೆಚ್ಚು ಆಡಿ, ನೂರೇ ನಿಮಿಷ ಮುಂದೆ!

ಏಳರ ಮಗ್ಗಿ:
ಮೆಸ್ಸಿಗೆ ಕೋಪಾ ಸೇರಿಸುವುದಾದರೆ ರೊನಾಲ್ಡೊಗೆ ಯುರೋಪಿನ ದೇಶಗಳ ಕೂಟ ಯೂರೊ ಸೇರಿಸಿ. 2004ರಿಂದ 2024ರವರೆಗೆ ಆರು ಯೂರೊ ಕೂಟ, 30 ಪಂದ್ಯ. ಆರು ಕೂಟ ಆಡಿದ ಮತ್ತೊಬ್ಬ ಪುರುಷ ಆಟಗಾರ ಯೂರೊ ಇತಿಹಾಸದಲ್ಲಿ ಇಲ್ಲ. ವಿಶ್ವಕಪ್‌ನ 22 ಸೇರಿದರೆ 52.

65 ದೊಡ್ಡದು, 52 ಚಿಕ್ಕದು ಎಂದು ಕುಣಿಯುವ ಮೊದಲು ಒಂದು ವಿಷಯ ನೆನಪಿರಲಿ. ಯೂರೊ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ. ಕೋಪಾ ನಡೆದದ್ದು 2015, 2016, 2019, 2021, 2024. ಹತ್ತು ವರ್ಷಗಳಲ್ಲಿ ಐದು ಸಲ! ನಮ್ಮೂರ ಜಾತ್ರೆಯೂ ಇಷ್ಟು ಆತುರದಲ್ಲಿ ಬರುವುದಿಲ್ಲ.

ಹತ್ತನೇ ನಂಬರ್:
ಜಾತ್ರೆ ಎಷ್ಟು ಸಲ ಬಂದರೇನು, ತೇರು ಎಳೆಯಲು ತೋಳಿನಲ್ಲಿ ಬಲವಿರಬೇಕಲ್ಲ? ಆ ಐದು ಕೂಟಗಳ ಪೈಕಿ ನಾಲ್ಕರಲ್ಲಿ ಅರ್ಜೆಂಟೀನಾ ಫೈನಲ್ ತಲುಪಿದೆ. ಪುಕ್ಕಟೆ ಸಿಕ್ಕ ಪಂದ್ಯಗಳಲ್ಲ ಅವು.

ಬೆಂಚಿನವ:
ಅಲ್ಲೇ ಇದೆ ಗುಟ್ಟು. ತಂಡ ಮುಂದೆ ಹೋದರೆ ಆಟಗಾರನ ಹಾಜರಿ ಏರುತ್ತದೆ, ತಂಡ ಮುಗ್ಗರಿಸಿದರೆ ನಿಲ್ಲುತ್ತದೆ. ಮೆಕ್ಸಿಕೊದ ಗೋಲ್‌ಕೀಪರ್ ಆಂಟೋನಿಯೊ ಕಾರ್ಬಹಾಲ್ 1950ರಿಂದ 1966ರವರೆಗೆ ಐದು ವಿಶ್ವಕಪ್ ಆಡಿದರು. ಐದು ಕೂಟ ಆಡಿದವರಲ್ಲಿ ಅವರೇ ಮೊದಲಿಗರು. ಅವರ ಒಟ್ಟು ಪಂದ್ಯ ಎಷ್ಟು ಗೊತ್ತೇ? 11. ಕ್ಲೋಸೆ 2002 ಮತ್ತು 2006ರ ಎರಡೇ ಕೂಟಗಳಲ್ಲಿ 14 ಆಡಿ ಮುಗಿಸಿದರು. ಏಕೆಂದರೆ ಎರಡೂ ಸಲ ಜರ್ಮನಿ ಕೊನೆಯ ವಾರದವರೆಗೆ ಉಳಿಯಿತು.

ಕಾರ್ಬಹಾಲ್ ಕಾಲದ ಮೆಕ್ಸಿಕೊ ವಿಶ್ವಕಪ್‌ನಲ್ಲಿ ತನ್ನ ಮೊದಲ ಗೆಲುವು ಕಂಡದ್ದೇ 1962ರ ಜೂನ್ 7ರಂದು, ಚೆಕೊಸ್ಲೊವಾಕಿಯಾ ವಿರುದ್ಧ, 3-1ರಿಂದ. ಅಂದು ಕಾರ್ಬಹಾಲ್ ಹುಟ್ಟುಹಬ್ಬ, 33 ತುಂಬಿತ್ತು. ಒಂದು ಗೆಲುವಿಗಾಗಿ ನಾಲ್ಕನೆಯ ವಿಶ್ವಕಪ್‌ವರೆಗೆ ಗೋಲ್‌ಕಂಬಗಳ ನಡುವೆ ಕಾದ ಮನುಷ್ಯ ನಿಮ್ಮ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ.

ಲೆಕ್ಕದ ಮೇಷ್ಟ್ರು:
ಹುಟ್ಟುಹಬ್ಬದ ಸಂಗತಿ ಚೆನ್ನಾಗಿದೆ. ಆದರೆ ಪಟ್ಟಿಗೆ ಕನಿಕರ ಗೊತ್ತಿಲ್ಲವಲ್ಲ.

ಎಡಬದಿಯವಳು:
ಒಂದು ದಿನದಿಂದ ಓದುತ್ತಿದ್ದೇನೆ, ಯಾರಾದರೂ ಹೇಳುತ್ತಾರೆಂದು ಕಾದೆ. ಯಾರೂ ಹೇಳಲಿಲ್ಲ. ಮೇಷ್ಟ್ರೇ, ‘ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಪಂದ್ಯ ಆಡಿದವರು’ ಎಂದು ಬರೆದು ಮೊದಲ ಹೆಸರನ್ನೇ ಬಿಟ್ಟಿದ್ದೀರಿ. ಅಮೆರಿಕದ ಕ್ರಿಸ್ಟೀನ್ ಲಿಲಿ, 1991ರಿಂದ 2007ರವರೆಗೆ ಐದು ವಿಶ್ವಕಪ್, 30 ಪಂದ್ಯ. ಬ್ರೆಜಿಲ್‌ನ ಫಾರ್ಮಿಗಾ 27. ನಿಮ್ಮ ಮೆಸ್ಸಿಗಿಂತ ಮೇಲೆ ಇಬ್ಬರು ಮಹಿಳೆಯರಿದ್ದಾರೆ.

ಏಳರ ಮಗ್ಗಿ:
ಅದು ಬೇರೆ ಕೂಟವಲ್ಲವೇ? ಹೋಲಿಸುವುದು ಸರಿಯಲ್ಲ. 1991ರ ಮಹಿಳಾ ವಿಶ್ವಕಪ್‌ನಲ್ಲಿ ಪಂದ್ಯಗಳು 80 ನಿಮಿಷದವಾಗಿದ್ದವು.

ಎಡಬದಿಯವಳು:
ಹೌದು, 80 ನಿಮಿಷವೇ. ಮಹಿಳೆಯರಿಗೆ ತೊಂಬತ್ತು ನಿಮಿಷ ಓಡುವ ತ್ರಾಣವಿಲ್ಲ ಎಂದು ಭಾವಿಸಿದ್ದ ಕಾಲ. ಬನ್ನಿ, ಆ ಹತ್ತು ನಿಮಿಷಗಳನ್ನು ಕಳೆದೇಬಿಡೋಣ. ಲಿಲಿ ಆ ಕೂಟದಲ್ಲಿ ಆಡಿದ್ದು ಆರು ಪಂದ್ಯ. ಕಳೆಯಬೇಕಾದದ್ದು 60 ನಿಮಿಷ. ಒಂದು ಪೂರ್ತಿ ಪಂದ್ಯವೂ ಅಲ್ಲ. ನಿಮ್ಮ ಮಾತಿನಂತೆ ಒಂದನ್ನು ಕಳೆದರೂ 29 ಉಳಿಯುತ್ತದೆ. ಮುಂದೆ?

ಇನ್ನೊಂದು ವಿಷಯ. ಆಗ ಮಹಿಳಾ ವಿಶ್ವಕಪ್‌ನಲ್ಲಿ ಚಾಂಪಿಯನ್ ತಂಡಕ್ಕೂ ಸಿಗುತ್ತಿದ್ದದ್ದು ಆರೇ ಪಂದ್ಯ, ಪುರುಷರಿಗೆ ಏಳು. ಲಿಲಿ ಐದು ಕೂಟಗಳಲ್ಲಿ ತಲಾ ಆರು ಆಡಿದರು. ಅಂದರೆ ಅವರ ತಂಡ ಆಡಿದ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ, ತಂಡವೂ ಪ್ರತಿ ಸಲ ಕೊನೆಯ ದಿನಗಳವರೆಗೆ ಉಳಿಯಿತು. 1999ರಲ್ಲಿ ರೋಸ್ ಬೌಲ್‌ನಲ್ಲಿ ಚೀನಾ ವಿರುದ್ಧದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಗೋಲ್‌ಗೆರೆಯ ಮೇಲೆ ನಿಂತು ಚೆಂಡನ್ನು ತಲೆಯಿಂದ ಹೊರದಬ್ಬಿದವರು ಅವರೇ. ಆಗ ಗೋಲ್ಡನ್ ಗೋಲಿನ ನಿಯಮ; ಅದು ಒಳಗೆ ಹೋಗಿದ್ದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು.

ಹಲಸೂರಿನ ಹಳಬ:
ತಾಯಿ, ಇದನ್ನು ನಾನೇ ಹೇಳಬೇಕಿತ್ತು. ನಾಚಿಕೆಯಾಯಿತು.

ಎಡಬದಿಯವಳು:
ಫಾರ್ಮಿಗಾ ಬಗ್ಗೆಯೂ ಹೇಳಿಬಿಡುತ್ತೇನೆ, ಮತ್ತೆ ಯಾರೂ ಹೇಳುವುದಿಲ್ಲ. ಏಳು ವಿಶ್ವಕಪ್, 1995ರಿಂದ 2019. ಪುರುಷರಲ್ಲಾಗಲಿ ಮಹಿಳೆಯರಲ್ಲಾಗಲಿ ಏಳು ಆಡಿದವರು ಇನ್ನೊಬ್ಬರಿಲ್ಲ. ಏಳು ಒಲಿಂಪಿಕ್ಸ್ ಬೇರೆ. ಅವರು 1978ರಲ್ಲಿ ಹುಟ್ಟಿದಾಗ ಬ್ರೆಜಿಲ್‌ನಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವುದಕ್ಕೆ ಸರ್ಕಾರದ ನಿಷೇಧವಿತ್ತು. 1941ರಲ್ಲಿ ಬಂದ ನಿಷೇಧ ತೆರವಾದದ್ದು 1979ರಲ್ಲಿ. ಫಾರ್ಮಿಗಾ ಎಂದರೆ ಪೋರ್ಚುಗೀಸ್‌ನಲ್ಲಿ ಇರುವೆ. ಮೈದಾನದ ನಡುವೆ ಪುರುಸೊತ್ತಿಲ್ಲದೆ ಓಡುತ್ತಿದ್ದವರಿಗೆ ತಕ್ಕ ಹೆಸರೇ.

ಬೆಂಚಿನವ:
ಇರುವೆ ಬಂದಳು, ಕಪ್ಪೆಯೂ ಬರಲಿ. ಕೋಪಾದಲ್ಲಿ ಮೆಸ್ಸಿ ಮುರಿದದ್ದು ಚಿಲಿಯ ಗೋಲ್‌ಕೀಪರ್ ಸೆರ್ಜಿಯೊ ಲಿವಿಂಗ್‌ಸ್ಟೋನ್ ದಾಖಲೆಯನ್ನು: 1941ರಿಂದ 1953ರವರೆಗೆ 34 ಪಂದ್ಯ. ಜನ ಅವರನ್ನು ಕಪ್ಪೆ ಎಂದೇ ಕರೆಯುತ್ತಿದ್ದರು. ಸ್ವಾರಸ್ಯ ಎಲ್ಲಿದೆ ಎಂದರೆ, ಚಿಲಿ ಮೊದಲ ಸಲ ಕೋಪಾ ಗೆದ್ದದ್ದು 2015ರಲ್ಲಿ. ಲಿವಿಂಗ್‌ಸ್ಟೋನ್ ಆಡಿದ ಒಂದು ಕೂಟವನ್ನೂ ಅವರ ತಂಡ ಗೆಲ್ಲಲಿಲ್ಲ. ಆದರೂ 34 ಹೇಗಾಯಿತು? ಆಗ ಸಾಮಾನ್ಯವಾಗಿ ಎಲ್ಲರೂ ಎಲ್ಲರೊಡನೆ ಆಡುವ ಪದ್ಧತಿ. ಸೋತವನಿಗೂ ಗೆದ್ದವನಷ್ಟೇ ಪಂದ್ಯ. ಕೂಟದ ಏರ್ಪಾಡು ಬದಲಾದರೆ ದಾಖಲೆಯ ಅರ್ಥವೇ ಬದಲಾಗುತ್ತದೆ.

ಹಲಸೂರಿನ ಹಳಬ:
ಏರ್ಪಾಡಿನ ಮಾತು ಬಂದದ್ದಕ್ಕೆ ನಮ್ಮ ಕಡೆಯದೊಂದು. ಬೆಂಗಳೂರಿನ ಅಹ್ಮದ್ ಖಾನ್ ಹೆಸರು ಎಷ್ಟು ಜನಕ್ಕೆ ಗೊತ್ತು? ಕೋಲ್ಕತ್ತದ ಈಸ್ಟ್ ಬೆಂಗಾಲ್‌ನಲ್ಲಿ ‘ಪಂಚ ಪಾಂಡವರು’ ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕೈಬಿಟ್ಟು. ಸೋತರೆ ಅಲ್ಲಿಗೆ ಮುಗಿಯಿತು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 1-10. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಅಲ್ಲಿಯೂ ಒಂದೇ ಪಂದ್ಯ. ಇಂದಿನ ಹಾಗೆ ಗುಂಪು ಹಂತವಿದ್ದಿದ್ದರೆ ಎಷ್ಟೇ ಸೋತರೂ ಕೂಟಕ್ಕೆ ಮೂರು ಪಂದ್ಯವಾದರೂ ಸಿಗುತ್ತಿತ್ತು.

ಕಂಠೀರವದ ಮೆಟ್ಟಿಲು:
ಹಾಗಿದ್ದರೆ ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿಯವರನ್ನು ಮರೆಯಬೇಡಿ. 2024ರ ಜೂನ್‌ನಲ್ಲಿ ಮೊದಲ ಸಲ ವಿದಾಯ ಹೇಳಿದಾಗ ದೇಶಕ್ಕಾಗಿ 151 ಪಂದ್ಯ, 94 ಗೋಲು. ಅದರಲ್ಲಿ ಏಷ್ಯನ್ ಕಪ್‌ನ ಪ್ರಧಾನ ಹಂತದಲ್ಲಿ ಆಡಿದ್ದು ಎಷ್ಟು? 2011ರಲ್ಲಿ ಮೂರು, 2019ರಲ್ಲಿ ಮೂರು, 2024ರ ಜನವರಿಯಲ್ಲಿ ಮೂರು. ಒಂಬತ್ತು! ಪ್ರತಿ ಸಲವೂ ನಾವು ಗುಂಪು ಹಂತದಲ್ಲೇ ಹೊರಬಿದ್ದೆವು. 2015ರಲ್ಲಂತೂ ಅರ್ಹತೆಯೇ ಸಿಗಲಿಲ್ಲ.

ಮೆಸ್ಸಿ ಕತಾರ್ ಫೈನಲ್ ಆಡಿದಾಗ ಅದು ಅವರ 172ನೇ ಅಂತರರಾಷ್ಟ್ರೀಯ ಪಂದ್ಯ. ಅಲ್ಲಿಯವರೆಗೆ ವಿಶ್ವಕಪ್ ಮತ್ತು ಕೋಪಾ ಸೇರಿ 60. ನೂರಕ್ಕೆ ಮೂವತ್ತೈದು. ಚೆಟ್ರಿಯವರದು ನೂರಕ್ಕೆ ಆರು. ಇದರಲ್ಲಿ ಚೆಟ್ರಿಯವರ ಕಾಲಿನ ತಪ್ಪೇನಿದೆ? 2019ರಲ್ಲಿ ಥಾಯ್ಲೆಂಡ್ ವಿರುದ್ಧ 4-1ರಿಂದ ಗೆದ್ದ ರಾತ್ರಿ ಎರಡು ಗೋಲು ಅವರವೇ. ಮರುದಿನ ಕಚೇರಿಯಲ್ಲಿ ನಾನು ಸಿಹಿ ಹಂಚಿದಾಗ ಕ್ರಿಕೆಟ್‌ನಲ್ಲಿ ಗೆದ್ದೆವೇ ಎಂದು ಕೇಳಿದರು.

ಹತ್ತನೇ ನಂಬರ್:
ಅಂದರೆ ನಿಮ್ಮೆಲ್ಲರ ಪ್ರಕಾರ ದಾಖಲೆ ದೇಶದ್ದು, ಆಟಗಾರನದ್ದಲ್ಲ. ಹಾಗಾದರೆ ಅರ್ಜೆಂಟೀನಾ ಪರ ಆಡಿದವರೆಲ್ಲ 26 ಆಡಬೇಕಿತ್ತಲ್ಲ? ಮರಡೋನಾ ನಿಂತದ್ದು 21ಕ್ಕೆ. ಮೂರು ವಿಶ್ವಕಪ್ ಗೆದ್ದ ಬ್ರೆಜಿಲ್‌ನ ಪೆಲೆ ಆಡಿದ್ದು 14. ಗಾಯ, ವಯಸ್ಸು, ಕೋಚ್‌ನ ಮನಸ್ಸು ಎಲ್ಲವನ್ನೂ ದಾಟಬೇಕು. ದೇಶ ಬಾಗಿಲು ತೆರೆಯಬಹುದು, ಒಳಗೆ ನಡೆಯಬೇಕಾದವನು ಆಟಗಾರನೇ.

ಬೆಂಚಿನವ:
ಈ ಮಾತು ಒಪ್ಪುತ್ತೇನೆ. ಮಥಾಯಸ್ 1998ರಲ್ಲಿ 37ನೇ ವಯಸ್ಸಿನಲ್ಲಿ ಯುಗೊಸ್ಲಾವಿಯಾ ವಿರುದ್ಧ ಬದಲಿಯಾಗಿ ಇಳಿದು 22ನೇ ಪಂದ್ಯ ಆಡಿ ದಾಖಲೆ ಮಾಡಿದರು. ಮೊದಲ ಪಂದ್ಯದಲ್ಲಿ ಅವರಿಗೆ ಅವಕಾಶವೇ ಸಿಕ್ಕಿರಲಿಲ್ಲ. ಇನ್ನೊಂದು ಕಡೆ ಇಟಲಿಯ ಬುಫೋನ್ ಅದೇ 1998ರಲ್ಲಿ ತಂಡದಲ್ಲಿದ್ದರು, ಒಂದು ನಿಮಿಷವೂ ಆಡಲಿಲ್ಲ. ಅವರನ್ನು ಐದು ವಿಶ್ವಕಪ್‌ನವರು ಎಂದು ಬರೆಯುವವರಿದ್ದಾರೆ. ನನ್ನಂಥ ಬೆಂಚಿನವನಿಗೂ ಅದು ಒಪ್ಪಿಗೆಯಾಗುವುದಿಲ್ಲ; ಆಡಿದ್ದು ನಾಲ್ಕೇ.

ಲೆಕ್ಕದ ಮೇಷ್ಟ್ರು:
ಇಡೀ ಮಧ್ಯಾಹ್ನ ಕೂತು ಪುಸ್ತಕವನ್ನು ಹೊಸದಾಗಿ ಬರೆದೆ. ಶಾಲೆಯಲ್ಲಿ ಹುಡುಗ ಎಷ್ಟು ದಿನ ಬಂದ ಎಂಬುದರ ಪಕ್ಕದಲ್ಲಿ ಶಾಲೆ ಎಷ್ಟು ದಿನ ನಡೆಯಿತು ಎಂದೂ ಬರೆಯುತ್ತಿದ್ದೆವು. ಅದನ್ನೇ ಇಲ್ಲಿ ಮರೆತಿದ್ದೆ. ಆಟಗಾರ ಹೋದ ಕೂಟಗಳಲ್ಲಿ ತಂಡ ಆಡಿದ ಪಂದ್ಯಗಳು, ಅದರಲ್ಲಿ ಅವರ ಹಾಜರಿ:

ಲಿಲಿ 30ಕ್ಕೆ 30.
ಮಾಲ್ಡಿನಿ 23ಕ್ಕೆ 23.
ರೊನಾಲ್ಡೊ 23ಕ್ಕೆ 22.
ಮೆಸ್ಸಿ 28ಕ್ಕೆ 26.
ಕ್ಲೋಸೆ 28ಕ್ಕೆ 24.
ಮಥಾಯಸ್ 31ಕ್ಕೆ 25.

ಏಳರ ಮಗ್ಗಿ:
ನೋಡಿದಿರಾ! ರೊನಾಲ್ಡೊ ತಪ್ಪಿಸಿದ್ದು ಒಂದೇ ಒಂದು, 2006ರಲ್ಲಿ ಮೆಕ್ಸಿಕೊ ವಿರುದ್ಧ. ಆಗಲೇ ಪೋರ್ಚುಗಲ್ ಮುಂದಿನ ಸುತ್ತಿಗೆ ಹೋಗಿತ್ತು, ವಿಶ್ರಾಂತಿ ಕೊಟ್ಟಿದ್ದರು. ಯೂರೊದಲ್ಲಿಯೂ 31ಕ್ಕೆ 30. ತಪ್ಪಿದ್ದು 2008ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ, ಅದೇ ಕಾರಣಕ್ಕೆ.

ಹತ್ತನೇ ನಂಬರ್:
ಮೆಸ್ಸಿಯ ಎರಡೂ ಗೈರು 2006ರವು, ಆಗ ಅವರಿಗೆ ಹದಿನೆಂಟು, ಹತ್ತೊಂಬತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿ ವಿರುದ್ಧ ಕೋಚ್ ಅವರನ್ನು ಬೆಂಚಿನಲ್ಲೇ ಕೂರಿಸಿ ಪೆನಾಲ್ಟಿಯಲ್ಲಿ ಸೋತರು. ಬಂದ ಹುಡುಗನನ್ನು ಮೇಷ್ಟ್ರು ಒಳಗೆ ಬಿಡದಿದ್ದರೆ ಗೈರು ಯಾರದು?

ಹಲಸೂರಿನ ಹಳಬ:
ಈ ಪಟ್ಟಿಯಲ್ಲೂ ತೂತಿದೆ ಮೇಷ್ಟ್ರೇ. ಫಾಂಟೈನ್ ಆರಕ್ಕೆ ಆರು. ಶಾಲೆಗೆ ಒಂದೇ ದಿನ ಬಂದವನೂ ನೂರಕ್ಕೆ ನೂರು ಎನ್ನಬಹುದು. ಆದರೆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೂ ಮೊದಲ ಸಾಲು ಅಲುಗಾಡುವುದಿಲ್ಲ. ಅದಷ್ಟೇ ನನಗೆ ಸಮಾಧಾನ.

ಎಡಬದಿಯವಳು:
ನನಗೂ. ಮೇಷ್ಟ್ರೇ, ಮೇಲಿನ ಹಳೆಯ ಪಟ್ಟಿ ಹಾಗೆಯೇ ಇದೆಯಲ್ಲ?

ಲೆಕ್ಕದ ಮೇಷ್ಟ್ರು:
ಅಳಿಸುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅಳಿಸಿ ಬರೆಯುವಂತಿಲ್ಲ. ಕೆಂಪು ಶಾಯಿಯಲ್ಲಿ ‘ಪುರುಷರ’ ಎಂಬ ಪದ ಸೇರಿಸಿ ಪಕ್ಕದಲ್ಲಿ ಸಹಿ ಹಾಕುತ್ತೇನೆ.

ಬೆಂಚಿನವ:
ಹಾಗೆಯೇ ಕೊನೆಯಲ್ಲಿ ಇನ್ನೊಂದು ಸಾಲಿಗೆ ಜಾಗವಿದೆಯೇ? ಮೆಕ್ಸಿಕೊ ಆ ಐದು ಕೂಟಗಳಲ್ಲಿ ಆಡಿದ್ದು 14.

ಲೆಕ್ಕದ ಮೇಷ್ಟ್ರು:
ಕಾರ್ಬಹಾಲ್, 14ಕ್ಕೆ 11. ಬರೆದೆ.