ಕ್ರಿಸ್ ಕಾರ್ನೆಲ್ ಒಬ್ಬನೇ ಗಿಟಾರ್ ಹಿಡಿದು ಹಾಡಿದ್ದು: ಮಾಳಿಗೆ ಮೇಲೆ ಪೂರ್ತಿ ಹಚ್ಚಬಹುದಾ?

ಕೇಳಿದವರು, ಕಲಬುರಗಿಯಿಂದ:

ನಾವು ಆರು ಜನ ಗೆಳೆಯರು ತಿಂಗಳಿಗೊಂದು ಶನಿವಾರ ರಾತ್ರಿ ನಮ್ಮ ಮನೆ ಮಾಳಿಗೆ ಮೇಲೆ ಸೇರುತ್ತೇವೆ. ಒಬ್ಬರು ಒಂದು ಆಲ್ಬಮ್ ಆರಿಸಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಬೇಕು. ಈ ಸಲ ಪಾಳಿ ನನ್ನದು. ಕ್ರಿಸ್ ಕಾರ್ನೆಲ್‌ನ 'ಸಾಂಗ್‌ಬುಕ್' ಹಚ್ಚಬೇಕು ಅಂತ ಆಸೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಈತ ಸೌಂಡ್‌ಗಾರ್ಡನ್, ಆಡಿಯೋಸ್ಲೇವ್ ಅನ್ನೋ ರಾಕ್ ಬ್ಯಾಂಡ್‌ಗಳ ಹಾಡುಗಾರನಾಗಿದ್ದ. 2011ರಲ್ಲಿ ಅಮೆರಿಕ, ಕೆನಡಾ ಸುತ್ತಿ ಒಬ್ಬನೇ ಅಕೂಸ್ಟಿಕ್ ಗಿಟಾರ್, ಅಂದ್ರೆ ಎಲೆಕ್ಟ್ರಿಕ್ ಅಲ್ಲದ ಗಿಟಾರ್, ಹಿಡಿದು ಹಾಡಿದ. ಆ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಆಗಿದ್ದನ್ನು ಆರಿಸಿ ಮಾಡಿದ ಆಲ್ಬಮ್ ಇದು.

ತೊಂದರೆ ಏನಂದ್ರೆ, ನಾನೇ ಎರಡು ಸಲ ಹಚ್ಚಿದ್ದೇನೆ, ಎರಡೂ ಸಲ ಅರ್ಧಕ್ಕೇ ನಿದ್ದೆ ಹೋಗಿದ್ದೇನೆ. ಉಳಿದ ಐವರೂ ಗದ್ದಲದ ರಾಕ್ ಮಂದಿ. ಇದನ್ನು ವರ್ಷಗಟ್ಟಲೆ ಕೇಳಿದವರು ಇದ್ದರೆ ಹೇಳಿ. ಮೊದಲ ಸಲಕ್ಕೇ ಹಿಡಿಸಿತಾ? ಹೇಗೆ ಹಚ್ಚಿದರೆ ಜನ ಎದ್ದು ಹೋಗದೆ ಕೂರುತ್ತಾರೆ?

ಕಲಬುರಗಿಯವರೇ ಇನ್ನೊಬ್ಬರು:

ನಿಮಗೆ ಯಾಕೆ ನಿದ್ದೆ ಬಂತು ಅಂತ ನನಗೆ ಗೊತ್ತು ರೀ. ನೀವು ಸೌಂಡ್‌ಗಾರ್ಡನ್ ಕೇಳಿ ಬಂದವರು ಅಲ್ವಾ? ಹಾಡಿನ ಪಟ್ಟಿ ಒಮ್ಮೆ ನೋಡಿ. ಹದಿನಾರು ಹಾಡಿದೆ. ಅದರಲ್ಲಿ ಸೌಂಡ್‌ಗಾರ್ಡನ್‌ದು ಬರೀ ಎರಡು. ಮೊದಲನೆಯದು ಬರುವುದೇ ಹತ್ತನೇ ಹಾಡಾಗಿ, 'ಫೆಲ್ ಆನ್ ಬ್ಲ್ಯಾಕ್ ಡೇಸ್'. 'ಬ್ಲ್ಯಾಕ್ ಹೋಲ್ ಸನ್' ಹದಿನಾಲ್ಕನೆಯದು. ಅಂದ್ರೆ ನೀವು ಒಂಬತ್ತು ಹಾಡು, ಪರಿಚಯದವರು ಯಾರಾದರೂ ಬರ್ತಾರೇನೋ ಅಂತ ಮದುವೆ ಮನೆಯ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದೀರಿ. ನಿದ್ದೆ ಬರದೆ ಏನಾಗುತ್ತೆ!

ನನ್ನದೂ ಇದೇ ಕಥೆ. ಎರಡು ವರ್ಷ ಮುಟ್ಟಿರಲಿಲ್ಲ. ಆಮೇಲೆ ಒಂದು ಹಾಡು ನನ್ನನ್ನು ತಿರುಗಿಸಿತು, ಅದೂ ನಾನು ಬೈದ ಹಾಡು. 2009ರಲ್ಲಿ ಕಾರ್ನೆಲ್ ಹಿಪ್-ಹಾಪ್ ನಿರ್ಮಾಪಕ ಟಿಂಬಲ್ಯಾಂಡ್ ಜೊತೆ ಸೇರಿ 'ಸ್ಕ್ರೀಮ್' ಅಂತ ಒಂದು ಆಲ್ಬಮ್ ಮಾಡಿದ. ಪೂರ್ತಿ ಕಂಪ್ಯೂಟರ್ ಬೀಟ್. ಹಳೇ ಅಭಿಮಾನಿಗಳು ಎಷ್ಟು ಉಗಿದರು ಅಂದ್ರೆ, ನಾನೂ ಅದರಲ್ಲಿ ಒಬ್ಬ. ಆ ಆಲ್ಬಮ್ಮಿನ 'ಗ್ರೌಂಡ್ ಝೀರೋ' ಸಾಂಗ್‌ಬುಕ್‌ನಲ್ಲಿ ನಾಲ್ಕನೇ ಹಾಡು. ಒಂದು ಗಿಟಾರ್, ಒಂದು ಗಂಟಲು, ಅಷ್ಟೇ. ಅರೆ, ಹಾಡು ಚೆನ್ನಾಗೇ ಇತ್ತಲ್ಲಾ ಅನ್ನಿಸಿತು! ಎರಡು ವರ್ಷ ನಾನು ಬೈದದ್ದು ಹಾಡಿಗಲ್ಲ, ಅದಕ್ಕೆ ತೊಡಿಸಿದ ಅಂಗಿಗೆ. ಅವತ್ತಿನಿಂದ ಬೇರೆ ಹಾಡುಗಳನ್ನೂ ಹಾಗೇ ಕೇಳತೊಡಗಿದೆ.

ಅದಕ್ಕೇ ನನ್ನ ಮಾತು: ಗೆಳೆಯರಿಗೆ ಮೊದಲು 'ಸ್ಕ್ರೀಮ್'ನ 'ಗ್ರೌಂಡ್ ಝೀರೋ' ಹಚ್ಚಿ. ಅವರು ಬೈಯಲಿ. ಆಮೇಲೆ ಏನೂ ಹೇಳದೆ ಇದನ್ನು ಹಚ್ಚಿ.

ಬೀದರ್‌ನಿಂದ:

ನಾನು ಒಪ್ಪೋದಿಲ್ಲ. ಹದಿಮೂರು ಸಲ ಕೇಳಿದ್ದೇನೆ, ನಿಜವಾಗಿಯೂ ಎಣಿಸಿದ್ದೇನೆ, ಇಷ್ಟ ಆಗಬೇಕು ಅಂತ ಹಟ ಹಿಡಿದು. ಆಗಲಿಲ್ಲ. ಈತನ ಗಂಟಲಿಗೆ ಎದುರಿಗೆ ಒಂದು ಗೋಡೆ ಬೇಕು. ಸೌಂಡ್‌ಗಾರ್ಡನ್‌ನ ಕಿಮ್ ಥಾಯಿಲ್‌ನ ಗಿಟಾರ್ ಗೋಡೆ, ಮ್ಯಾಟ್ ಕ್ಯಾಮರೂನ್‌ನ ಡ್ರಮ್ ಗೋಡೆ. ಆ ಗೋಡೆ ಒಡೆದುಕೊಂಡು ದನಿ ಮೇಲೆ ಬಂದಾಗಲೇ ಮೈ ಜುಮ್ಮೆನ್ನೋದು. ಗೋಡೆಯೇ ಇಲ್ಲದಿದ್ದರೆ ಏನನ್ನು ಒಡೀತಾನೆ? ಬಯಲಲ್ಲಿ ಕೂಗಿದ ಹಾಗೆ. ಇನ್ನೊಂದು, ಗಿಟಾರ್ ಕೈ ಬಹಳ ಸಾದಾ. ಹೆಚ್ಚು ಕಡಿಮೆ ಎಲ್ಲ ಹಾಡೂ ಒಂದೇ ನಡಿಗೆ. ಆಡಿಯೋಸ್ಲೇವ್‌ನ 'ಲೈಕ್ ಎ ಸ್ಟೋನ್' ಬಂದಾಗ ಆ ಬ್ಯಾಂಡಿನ ಗಿಟಾರಿಸ್ಟ್ ಟಾಮ್ ಮೊರೆಲ್ಲೊನ ಸೋಲೋಗೆ ಕಾಯುತ್ತಾ ಕೂರ್ತೀನಿ, ಅದು ಬರೋದಿಲ್ಲ. ಬರೋದಿಲ್ಲ ಅಂತ ಗೊತ್ತಿದ್ದೂ ಕಾಯ್ತೀನಿ!

ನಿಮ್ಮ ಗುಂಪಿಗೆ ನಿರ್ವಾಣ ಬ್ಯಾಂಡಿನ ಅನ್‌ಪ್ಲಗ್ಡ್ ಆಲ್ಬಮ್ ಹಚ್ಚಿ. 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಗಿದ್ದು. ಅಲ್ಲಿ ಡ್ರಮ್ ಇದೆ, ಬೇಸ್ ಇದೆ, ಚೆಲ್ಲೊ ಇದೆ. ಯಾರೂ ಮಲಗೋದಿಲ್ಲ.

ಮೊದಲು ಉತ್ತರ ಕೊಟ್ಟವರು:

ಬೀದರ್ ಅಣ್ಣಾ, ಅಲ್ಲಿ ನಿರ್ವಾಣದ ಹಾಡುಗಾರ ಕರ್ಟ್ ಕೋಬೇನ್ ತನ್ನ ಅಕೂಸ್ಟಿಕ್ ಗಿಟಾರನ್ನು ಆಂಪ್ಲಿಫೈಯರ್‌ಗೆ ಜೋಡಿಸಿಯೇ ನುಡಿಸಿದ್ದು. ಹೆಸರು ಅನ್‌ಪ್ಲಗ್ಡ್, ವೈರು ಮಾತ್ರ ಚುಚ್ಚಿತ್ತು. ಅದು ಕೆಟ್ಟದ್ದು ಅಂತ ಹೇಳ್ತಿಲ್ಲ, ನಾನೂ ಕೇಳ್ತೀನಿ. ಆದರೆ ಅದು ಬ್ಯಾಂಡ್ ಕೂತು ನುಡಿಸಿದ್ದು, ಇದು ಒಬ್ಬನೇ ಮನುಷ್ಯ.

ಯಾದಗಿರಿಯಿಂದ:

ನಾನು ಗಿಟಾರ್ ಕಲಿಸ್ತೀನಿ. ಗಿಟಾರ್ ಕೈ ಸಾದಾ ಅಂತ ಬರೆದವರಿಗೆ ಒಂದು ಮಾತು. 'ಫೆಲ್ ಆನ್ ಬ್ಲ್ಯಾಕ್ ಡೇಸ್' ಆರು ಎಣಿಕೆಯ ಹಾಡು. ನಾಲ್ಕಲ್ಲ. ಸುಮ್ನೆ ಕೈ ತಟ್ಟುತ್ತಾ ಕೇಳಿದರೆ ಎಲ್ಲೋ ಒಂದು ಕಡೆ ನಿಮ್ಮ ಕೈ ಮುಂದೆ, ಹಾಡು ಹಿಂದೆ ಆಗುತ್ತದೆ. ಬ್ಯಾಂಡ್‌ನಲ್ಲಿ ಆ ಎಣಿಕೆಯನ್ನು ಡ್ರಮ್ ಹಿಡಿದುಕೊಂಡಿರುತ್ತದೆ, ಹಾಡುಗಾರ ಆರಾಮಾಗಿ ಇರಬಹುದು. ಇಲ್ಲಿ ಬಲಗೈ ಎಣಿಕೆ ಹಿಡೀಬೇಕು, ಬಾಯಿ ಅದರ ಮೇಲೆ ಹಿಂದೆ ಮುಂದೆ ಎಳೆದು ಹಾಡಬೇಕು. ನನ್ನ ಹತ್ತಿರ ಬರುವ ಹುಡುಗರಿಗೆ ಇದೊಂದನ್ನೇ ಕೊಡ್ತೀನಿ. ಕಾರ್ಡ್‌ಗಳನ್ನು ಒಂದು ವಾರದಲ್ಲಿ ಹಿಡೀತಾರೆ. ಹಾಡುತ್ತಾ ನುಡಿಸೋಕೆ ಎರಡು ತಿಂಗಳಾದರೂ ಬೇಕು. ಬಾಯಿ ತೆಗೆದ ಕೂಡಲೇ ಬಲಗೈ ನಾಲ್ಕಕ್ಕೆ ಬಂದುಬಿಡುತ್ತದೆ, ಮನೆಗೆ ಹೊರಟ ಎತ್ತಿನ ಹಾಗೆ.

'ಬ್ಲ್ಯಾಕ್ ಹೋಲ್ ಸನ್' ಬಗ್ಗೆಯೂ ಹೇಳ್ತೀನಿ. 1994ರ ಮೂಲ ರೆಕಾರ್ಡಿಂಗ್‌ನಲ್ಲಿ ಗಿಟಾರ್ ನೀರಿನೊಳಗಿಂದ ಬಂದ ಹಾಗೆ ತೂಗುತ್ತದಲ್ಲ, ಅದು ಲೆಸ್ಲಿ ಸ್ಪೀಕರ್ ಮಹಿಮೆ. ಪೆಟ್ಟಿಗೆಯೊಳಗೆ ದನಿ ಹೊರಡುವ ಭಾಗವೇ ತಿರುಗುತ್ತಿರುತ್ತದೆ. ಒಬ್ಬನೇ ಹಾಡುವಾಗ ಆ ತೂಗಾಟ ಇಲ್ಲ. ಬೀದರ್‌ನವರು ಹೇಳುವ ಗೋಡೆ ಹೋಯಿತು ಅನ್ನೋದು ಖರೇನೇ. ಆದರೆ ಗೋಡೆಯ ಹಿಂದೆ ಏನಿತ್ತು ಅಂತ ಕಾಣಿಸುತ್ತದಲ್ಲ. ಎಷ್ಟು ದುಃಖದ ಹಾಡು ಅದು. ಇಷ್ಟು ವರ್ಷ ನಾವು ಅದಕ್ಕೆ ತಲೆ ಅಲ್ಲಾಡಿಸಿಕೊಂಡು ಕೂತಿದ್ದೆವು.

ಕಲಬುರಗಿ, ಈಗ ಪುಣೆಯಲ್ಲಿ ಕೆಲಸ:

ನನ್ನ ಅನುಭವ ಸ್ವಲ್ಪ ಉದ್ದ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬ್ಯಾಂಡ್ ಬಂದಿತ್ತು. ಎರಡು ದಿನ ಮುಂಚೆ ದೆಹಲಿ ಕಡೆಯ ಕಾರ್ಯಕ್ರಮ ರದ್ದಾಗಿ, ಇದೂ ಆಗುತ್ತೋ ಇಲ್ಲವೋ ಅಂತ ಎದೆ ಢವಢವ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು, ನಾಲ್ಕು ಜನಕ್ಕೆ ಎರಡು ಬರ್ತ್. ಆಗಿನ್ನೂ ಟಿಕೆಟ್ ಮೇಲೆ ಗುಲ್ಬರ್ಗಾ ಅಂತಲೇ ಇತ್ತು. ಕಾರ್ಯಕ್ರಮ ಮುಗಿಸಿ ವಾಪಸ್ ಬರುವಾಗ ವಾಡಿ ಸ್ಟೇಷನ್ ದಾಟಿದರೂ ಕಿವಿಯಲ್ಲಿ ಗುಂಯ್ ಅನ್ನೋದು ನಿಂತಿರಲಿಲ್ಲ.

ಸರಿಯಾಗಿ ಮೂರು ವಾರಕ್ಕೆ ಸಾಂಗ್‌ಬುಕ್ ಬಂತು. ಹಚ್ಚಿದೆ. ಇದೇನು, ಪ್ರಾರ್ಥನೆ ಗೀತೆನಾ ಅಂತ ಅರ್ಧಕ್ಕೇ ತೆಗೆದೆ. ಆ ಕಿವಿಗೆ ಅದು ಹಿಡಿಸುವಂತಿರಲಿಲ್ಲ. ಮುಂದೆ ಎಷ್ಟೋ ವರ್ಷಕ್ಕೆ ಒಂದು ವಿಡಿಯೋ ಸಿಕ್ಕಿತು. ಕಾರ್ನೆಲ್ ಒಬ್ಬನೇ ಮೆಟಾಲಿಕಾದ 'ಒನ್' ಹಾಡ್ತಾನೆ. ಹಾಗಂದ್ರೆ, ಸಾಹಿತ್ಯ ಮೆಟಾಲಿಕಾದ 'ಒನ್'ದು, ಸಂಗೀತ ಯು2 ಬ್ಯಾಂಡಿನ 'ಒನ್'ದು. ಎರಡು ಹಾಡಿಗೂ ಒಂದೇ ಹೆಸರು, ಅಷ್ಟೇ ಸಂಬಂಧ. ಅರಮನೆ ಮೈದಾನದಲ್ಲಿ ನಾವು ಗಂಟಲು ಹರಿದುಕೊಂಡ ಅದೇ ಸಾಲುಗಳು! ಆವತ್ತು ಒಂದಕ್ಷರ ಅರ್ಥ ಆಗಿರಲಿಲ್ಲ. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳೆದುಕೊಂಡ ಸೈನಿಕನ ಹಾಡು ಅದು. ಮೆಲ್ಲಗೆ ಹಾಡಿದಾಗ ತಿಳಿಯಿತು. ವಾಪಸ್ ಹೋಗಿ ಸಾಂಗ್‌ಬುಕ್ ಮೊದಲಿಂದ ಕೇಳಿದೆ.

ನಿಮ್ಮ ಗುಂಪಿನಲ್ಲಿ ಮೆಟಾಲಿಕಾ ಹುಚ್ಚರು ಇದ್ದರೆ ಆ 'ಒನ್' ಮೊದಲು ತೋರಿಸಿ. ಜಾನಿ ಕ್ಯಾಶ್ 1996ರಲ್ಲಿ ಸೌಂಡ್‌ಗಾರ್ಡನ್‌ನ 'ರಸ್ಟಿ ಕೇಜ್' ಹಾಡಿದ್ದಾನೆ, ಅದೂ ಕೆಲಸಕ್ಕೆ ಬರುತ್ತದೆ. ಅರವತ್ತು ದಾಟಿದ ಅಜ್ಜ ಹಾಡಿದರೂ ಆ ಹಾಡು ನಿಲ್ಲುತ್ತದೆ ಅಂದ್ರೆ ಅದು ಬರೀ ಗದ್ದಲ ಅಲ್ಲ ಅಂತ ನಂಬ್ತಾರೆ.

ಸುರಪುರ ಕಡೆಯಿಂದ:

ನಮ್ಮ ಕಡೆ ಇಂಥದ್ದೇನು ಹೊಸದಲ್ಲ, ತತ್ವಪದ ಕೇಳಿ ಬೆಳೆದವರಿಗೆ ಒಬ್ಬನೇ ತಂತಿ ಮೀಟಿ ಹಾಡಿದರೆ ತಾನಾಗಿ ಹಿಡಿಸುತ್ತದೆ ಅಂತ ಬರೆಯೋಣ ಅಂತ ಬಂದೆ. ಬರೆಯುತ್ತಾ ನಮ್ಮ ಊರಿನ ಭಜನೆ ನೆನಪಾಯಿತು. ಏಕತಾರಿ ಒಂದೇ, ಸರಿ. ಆದರೆ ಪಕ್ಕದಲ್ಲಿ ದಮ್ಮಡಿ, ತಾಳ, ಹಿಂದೆ ಸಾಲು ಹಿಡಿಯಲು ಹತ್ತು ಜನ. ಹಾಡುವವನಿಗೆ ಉಸಿರು ಸಾಲದಿದ್ದರೆ ಅವರು ಎತ್ತಿಕೊಳ್ತಾರೆ. ಕಾರ್ನೆಲ್‌ಗೆ ಎತ್ತಿಕೊಳ್ಳುವವರೇ ಇಲ್ಲ. ಹಾಗಾಗಿ ಹೋಲಿಕೆ ಸರಿ ಕೂಡುವುದಿಲ್ಲ, ವಾಪಸ್ ತಗೊಂಡೆ. ನನಗೆ ಇಷ್ಟ ಆದ ಹಾಡು 'ಕಾಲ್ ಮಿ ಎ ಡಾಗ್'. ಸತ್ತ ಗೆಳೆಯ ಆ್ಯಂಡ್ರ್ಯೂ ವುಡ್ ನೆನಪಿಗೆ ಅಂತ 1991ರಲ್ಲಿ ಮಾಡಿದ ಟೆಂಪಲ್ ಆಫ್ ದಿ ಡಾಗ್ ಆಲ್ಬಮ್ಮಿನದು.

ಬೀದರ್‌ನಿಂದ ಮತ್ತೆ:

ಎತ್ತಿಕೊಳ್ಳುವವರು ಇಲ್ಲ. ಅದನ್ನೇ ನಾನು ಗೋಡೆ ಅಂದಿದ್ದು ಸ್ವಾಮಿ.

ಕಲಬುರಗಿಯ ಅಕ್ಕ ಒಬ್ಬರು:

ನಾನು ರಾತ್ರಿ ಪಾಳಿ ನರ್ಸ್. ಬೆಳಗ್ಗೆ ಡ್ಯೂಟಿ ಮುಗಿಸಿ ಆಟೋದಲ್ಲಿ ಮನೆಗೆ ಬರುವಾಗ ಇದನ್ನೇ ಕೇಳುತ್ತಿದ್ದೆ. ರಾತ್ರಿಯೆಲ್ಲ ಮಾನಿಟರ್‌ಗಳ ಕೀಂ ಕೀಂ ಕೇಳಿದ ಕಿವಿಗೆ ಡ್ರಮ್ ಬೇಕಾಗಿರಲಿಲ್ಲ. 2017ರ ಮೇ 18ಕ್ಕೆ ಕಾರ್ನೆಲ್ ತೀರಿಹೋದ ಮೇಲೆ 'ಲೈಕ್ ಎ ಸ್ಟೋನ್' ಮಾತ್ರ ದಾಟಿಸಿ ಮುಂದಕ್ಕೆ ಹೋಗ್ತೀನಿ. ಬ್ಯಾಂಡ್‌ದು ಕೇಳಬಲ್ಲೆ, ಇದನ್ನು ಆಗಲ್ಲ. ಇಲ್ಲಿ ಪಕ್ಕದಲ್ಲೇ ಕೂತು ಹಾಡಿದ ಹಾಗಿದೆ. ಸಲಹೆ ಅಂತ ಏನೂ ಇಲ್ಲ. ಸ್ಟುಡಿಯೋದಲ್ಲಿ ಮಾಡಿದ್ದು ಬೇಕಂದ್ರೆ 2015ರ 'ಹೈಯರ್ ಟ್ರೂತ್' ಇದೆ, ಅದೂ ಹೆಚ್ಚಾಗಿ ಅಕೂಸ್ಟಿಕ್ಕೇ, ಚಪ್ಪಾಳೆ ಕಾಟ ಇಲ್ಲ.

ಶಹಾಬಾದ್‌ನಿಂದ:

ಹಾಡಿನ ಬಗ್ಗೆ ದೊಡ್ಡವರೆಲ್ಲ ಹೇಳಿದ್ದಾರೆ. ನಾನು ಸ್ಪೀಕರ್ ಬಗ್ಗೆ ಹೇಳ್ತೀನಿ. ನಮ್ಮ ಮನೆಯಲ್ಲಿ ನೆಲ ಪೂರ್ತಿ ಪರಸಿ ಕಲ್ಲು. ರಾಕ್ ಹಚ್ಚಿದರೆ ದನಿ ಕಲ್ಲಿಗೆ ಬಡಿದು ಬಡಿದು ಕಲಸುಮೇಲೋಗರ ಆಗುತ್ತೆ, ಬೇಸ್ ಎಲ್ಲಿ ಡ್ರಮ್ ಎಲ್ಲಿ ಗೊತ್ತಾಗಲ್ಲ. ಒಂದೇ ಗಿಟಾರ್ ಇದ್ದರೆ ಅದೇ ಕಲ್ಲು ಚೆಂದ ಮಾಡುತ್ತೆ, ಗುಡಿಯಲ್ಲಿ ಹಾಡಿದ ಹಾಗೆ ಸ್ವಲ್ಪ ಉಳಿದು ಬರುತ್ತೆ. ಆದರೆ ನೀವು ಕೇಳೋದು ಮಾಳಿಗೆ ಮೇಲೆ, ಬಯಲು. ದನಿ ಹಾರಿ ಹೋಗುತ್ತೆ. ಸ್ಪೀಕರನ್ನು ನಡುವೆ ಇಡಬೇಡಿ. ಎರಡು ಕಟ್ಟೆಗೋಡೆ ಕೂಡುವ ಮೂಲೆಯಲ್ಲಿ ಇಡಿ, ಕೆಳಗೆ ಒಂದು ಗೋಣಿಚೀಲ. ಕೂಲರ್ ಮಾಳಿಗೆ ಮೇಲೆ ತಂದಿದ್ದರೆ ಆರಿಸಿ. ಬೇಸಿಗೆಯಲ್ಲಿ ಕಷ್ಟ, ಆದರೂ ಆರಿಸಿ. ಕೂಲರ್ ಸದ್ದಿನಲ್ಲಿ ಸೌಂಡ್‌ಗಾರ್ಡನ್ ಕೇಳುತ್ತೆ, ಇದು ಕೇಳಲ್ಲ.

ಕೇಳಿದವರು, ಎಂಟು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಆಯಿತು. ಏನಾಯಿತು ಅಂತ ಇದ್ದ ಹಾಗೆ ಹೇಳ್ತೀನಿ.

'ಸ್ಕ್ರೀಮ್'ನ 'ಗ್ರೌಂಡ್ ಝೀರೋ' ಮೊದಲು ಹಚ್ಚಿದೆ. ಇಷ್ಟು ದುಡ್ಡು ಕೊಟ್ಟು ತಂದ ಸ್ಪೀಕರ್‌ನಲ್ಲಿ ಇದಾ ಅಂತ ಬೈಸಿಕೊಂಡೆ. ಆಮೇಲೆ ಗಿಟಾರ್‌ದು. ಒಬ್ಬ ಮಾತ್ರ ಕತ್ತೆತ್ತಿ ನೋಡಿದ, ಉಳಿದವರಿಗೆ ಅದೇ ಹಾಡು ಅಂತಲೇ ಗೊತ್ತಾಗಲಿಲ್ಲ. ಅಲ್ಲಿಂದ ಸಾಂಗ್‌ಬುಕ್ ಮೊದಲನೆಯ ಹಾಡಿನಿಂದ. ಸ್ಪೀಕರ್ ಮೂಲೆಯಲ್ಲಿ, ಗೋಣಿಚೀಲದ ಮೇಲೆ. ಅದು ನಿಜವಾಗಿಯೂ ಕೆಲಸ ಮಾಡಿತು ಶಹಾಬಾದ್ ಸರ್.

ಆರನೇ ಹಾಡಿಗೆ ಒಬ್ಬ ತಹರಿ ತರ್ತೀನಿ ಅಂತ ಎದ್ದು ಹೋದ, ಬಂದಿದ್ದು ಹನ್ನೊಂದನೆಯದಕ್ಕೆ. ಒಬ್ಬ ಮಲಗಿದ. ಪಕ್ಕದ ಮಾಳಿಗೆಯ ಕಾಕಾ ಗೋಡೆ ಮೇಲಿಂದ ಇಣುಕಿ, "ಏನ್ರೋ, ಇವತ್ತ್ ಗದ್ಲ ಇಲ್ಲ ಏನಿಲ್ಲ, ಎಲ್ಲಾರೂ ಆರಾಮ್ ಅದೀರಿ ಇಲ್ಲೋ?" ಅಂದರು. 'ಫೆಲ್ ಆನ್ ಬ್ಲ್ಯಾಕ್ ಡೇಸ್' ಬಂದಾಗ ಎಲ್ಲರೂ ಆರು ಎಣಿಸುತ್ತಾ ತೊಡೆ ತಟ್ಟಿದೆವು, ಮೂರನೇ ಸುತ್ತಿಗೇ ನಾಲ್ವರೂ ನಾಲ್ಕು ಕಡೆ. ನಕ್ಕು ನಕ್ಕು ಹಾಡೇ ಕೇಳಲಿಲ್ಲ, ಮತ್ತೆ ಮೊದಲಿಂದ ಹಚ್ಚಬೇಕಾಯಿತು.

'ಬ್ಲ್ಯಾಕ್ ಹೋಲ್ ಸನ್' ಅರ್ಧಕ್ಕೆ ಬಂದಾಗ ಓಣಿಯ ಕರೆಂಟ್ ಹೋಯಿತು. ಸ್ಪೀಕರ್ ಚಾರ್ಜ್‌ನದು, ಅದು ಹಾಡುತ್ತಲೇ ಇತ್ತು. ಸುತ್ತ ಎಲ್ಲ ಮನೆಗಳ ಕೂಲರ್, ಪಂಪ್, ಟಿವಿ ಒಟ್ಟಿಗೆ ಬಂದ್. ಆವರೆಗೂ ನಮಗೆ ಕೇಳಿಸದೇ ಇದ್ದದ್ದು ಒಂದು ಕೇಳಿಸಿತು, ತಂತಿ ಮೇಲೆ ಬೆರಳು ಸರಿಯುವ ಸರ್ ಅನ್ನುವ ಸದ್ದು. ಯಾರೂ ಮೊಬೈಲ್ ಬೆಳಕು ಹಚ್ಚಲಿಲ್ಲ. ಹಾಡು ಮುಗಿಯುವ ತನಕ ಸುಮ್ಮನೆ ಕೂತಿದ್ದೆವು. ಮುಗಿದ ಕೂಡಲೇ ಒಬ್ಬ, ತಹರಿ ಆರಿ ಹೋಯ್ತಲ್ಲೋ ಅಂದ.

ಮತ ಹಾಕಿಸಿದೆ. ಇಷ್ಟ ಆಯ್ತು ಅಂದವರು ಇಬ್ಬರು, ಆಗಲಿಲ್ಲ ಅಂದವರು ಇಬ್ಬರು, ಮಲಗಿದವನದು ಲೆಕ್ಕಕ್ಕಿಲ್ಲ. ಅಕ್ಕ ಹೇಳಿದ 'ಹೈಯರ್ ಟ್ರೂತ್' ಈಗ ಗಾಡಿಯಲ್ಲಿ ಕೇಳ್ತಾ ಇದ್ದೀನಿ. ಬೀದರ್ ಅಣ್ಣಾ, ಮುಂದಿನ ತಿಂಗಳ ಪಾಳಿ ಆ ಮಲಗಿದವನದು. ನಿಮ್ಮ ನಿರ್ವಾಣದ ಹೆಸರು ಹೇಳಿ ನೋಡಿದೆ. ಬೇಡವಂತೆ, ಮೆಟಾಲಿಕಾನೇ ಅಂತೆ. ಕಾಕಾಗೆ ಈಗಲೇ ಹೇಳಿಟ್ಟಿದ್ದೇನೆ.